ಗ್ಲಾಸು ಇಳಿಸಿಲ್ಲ, ಅದು ಟೈರಿನ ಸದ್ದು

"ಅಣ್ಣಾ, ಹಿಂದಿನ ಗ್ಲಾಸು ಇಳಿಸಿದ್ದೀರಾ?"

ಕುಂದಾಪುರದ ಹತ್ತಿರ ಒಂದು ಯಕ್ಷಗಾನದ ಆಟ ಮುಗಿಸಿ ಮಂಗಳೂರಿಗೆ ವಾಪಸು ಬರುತ್ತಿದ್ದೆವು. ರಾತ್ರಿ ಎರಡು ಗಂಟೆ ದಾಟಿತ್ತು. ಕೇಳಿದವನು ನನ್ನ ಜೊತೆ ವಯರು ಎಳೆಯಲು ಬರುವ ಹುಡುಗ. ನಾಲ್ಕೂ ಗ್ಲಾಸು ಮೇಲೆಯೇ ಇದ್ದವು, ಎಸಿ ಫ್ಯಾನು ಒಂದರಲ್ಲಿತ್ತು. ಆದರೂ ಕಾರಿನೊಳಗೆ ಹೊಳೆ ಹರಿದ ಹಾಗೆ ಒಂದೇ ಸಮ ಮೊರೆತ. ಆ ದಿನ ಮಧ್ಯಾಹ್ನವಷ್ಟೇ ನಾಲ್ಕೂ ಟೈರು ಹೊಸದಾಗಿ ಹಾಕಿಸಿದ್ದೆ.

ನಾನು ಮೈಕ್‌ಸೆಟ್ಟಿನವನು. ಯಕ್ಷಗಾನ, ಮದುವೆ, ಶಾಲಾ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತೇನೆ. ದೊಡ್ಡ ಸ್ಪೀಕರುಗಳು ಟೆಂಪೋದಲ್ಲಿ ಬಂದರೆ ಮಿಕ್ಸರು, ಮೈಕು, ಸ್ಟ್ಯಾಂಡುಗಳು ನನ್ನ ಸಣ್ಣ ಹ್ಯಾಚ್‌ಬ್ಯಾಕಿನ ಡಿಕ್ಕಿಯಲ್ಲಿ. ದಿನವಿಡೀ ಸದ್ದಿನ ನಡುವೆ ಇರುವವನಿಗೆ ಮನೆಗೆ ಬರುವ ದಾರಿಯಲ್ಲಾದರೂ ಕಿವಿಗೆ ವಿಶ್ರಾಂತಿ ಬೇಕು. ಅದೇ ಹೋಯಿತು.

ತಪ್ಪಿನಲ್ಲಿ ಅರ್ಧ ಪಾಲು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಟೈರುಗಳ ಗ್ರಿಪ್ಪು ಸವೆದು, ಕಚ್ಚುಗಳ ಒಳಗೆ ಇರುವ ಅಡ್ಡಪಟ್ಟಿಯ ಮಟ್ಟಕ್ಕೆ ಬಂದಿತ್ತು. ಕಾರಿನ ಟೈರಿನಲ್ಲಿ ಆ ಪಟ್ಟಿಯ ಎತ್ತರ 1.6 ಮಿಲಿಮೀಟರ್. ರಬ್ಬರು ಅಲ್ಲಿಗೆ ಬಂದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ, ನಮ್ಮ ಕರಾವಳಿಯ ಮಳೆಗಂತೂ ಅದಕ್ಕೂ ಮೊದಲೇ. ಅಂಗಡಿಯಲ್ಲಿ ಯಾವ ತರದ್ದು ಬೇಕು ಎಂದು ಕೇಳಿದಾಗ ನಾನು ಹೇಳಿದ್ದು ಒಂದೇ ಮಾತು: "ಗಟ್ಟಿ ಇರ್ಬೇಕು, ಬೇಗ ಸವೆಯಬಾರ್ದು." ಗದ್ದೆ ಬದಿಯ ಮಣ್ಣುದಾರಿ, ಜಲ್ಲಿ ಎದ್ದ ರಸ್ತೆ, ಇದೇ ತಲೆಯಲ್ಲಿತ್ತು. ಸದ್ದಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅದೂ ಸದ್ದನ್ನೇ ನಂಬಿ ಬದುಕುವವನು! ಅಳತೆ ಮಾತ್ರ ಮೊದಲಿನದ್ದೇ, 185/65 ಆರ್ 15.

ಮರುದಿನ ಅಂಗಡಿಗೆ ಹೋದೆ. "ಹೊಸತಲ್ವಾ ಸರ್, ಒಂದು ಸಾವಿರ ಕಿಲೋಮೀಟರ್ ಓಡ್ಲಿ, ತನ್ನಷ್ಟಕ್ಕೇ ಸರಿಯಾಗ್ತದೆ" ಎಂದರು. ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಅಚ್ಚಿನಿಂದ ತೆಗೆಯುವಾಗ ಹೊಸ ಟೈರಿನ ಮೈಮೇಲೆ ಉಳಿಯುವ ನುಣುಪು ಹೋಗಿ ಹಿಡಿತ ಸರಿಯಾಗಲು ಒಂದಿಷ್ಟು ದೂರ ಓಡಬೇಕು. ಮೊದಲ ಕೆಲವು ದಿನ ಬ್ರೇಕು ಹುಷಾರಾಗಿ ಹಾಕಿ ಎನ್ನುವುದು ಅದಕ್ಕೇ. ಆದರೆ ಮೊರೆತ ತಾನಾಗಿ ಮಾಯವಾಗುವುದು ಕಡಿಮೆ. ಅಲೈನ್‌ಮೆಂಟ್ ಸರಿ ಇಲ್ಲದೆ ಟೈರು ಏರುಪೇರಾಗಿ ಸವೆದರೆ ಸದ್ದು ಇನ್ನೂ ಹೆಚ್ಚುತ್ತದೆ. ಸಾವಿರ ಕಿಲೋಮೀಟರ್ ಕಾದರೆ ವಾಪಸು ಕೊಡುವ ಮಾತೂ ಹಳತಾಗುತ್ತದೆ ಎನ್ನುವುದು ಅವರಿಗೂ ಗೊತ್ತಿರಬೇಕು.

ಸ್ಟೇಜಿನಲ್ಲಿ ಸ್ಪೀಕರಿನಿಂದ ಗುಂಯ್ ಎಂಬ ಹಮ್ ಬಂದರೆ ನಾವು ಸುಮ್ಮನೆ ವಾಲ್ಯೂಮ್ ಇಳಿಸುವುದಿಲ್ಲ. ಒಂದೊಂದೇ ವಯರು ಕಳಚಿ ಯಾವುದರಿಂದ ಬರುತ್ತಿದೆ ಎಂದು ನೋಡುತ್ತೇವೆ. ಕಾರಿಗೂ ಅದನ್ನೇ ಮಾಡುವುದೆಂದು ನಿಶ್ಚಯಿಸಿದೆ. ಮುಲ್ಕಿಯಿಂದ ಪಡುಬಿದ್ರಿಯ ಕಡೆಗೆ ಹೋಗುವ 66ನೇ ಹೆದ್ದಾರಿಯ ಒಂದು ತುಂಡನ್ನು ಆರಿಸಿಕೊಂಡೆ. ಎಸಿ ಬಂದ್, ರೇಡಿಯೋ ಬಂದ್, ಗ್ಲಾಸು ಮೇಲೆ. ಮೊಬೈಲಿನಲ್ಲಿ ಸದ್ದನ್ನು ಸ್ವರಗಳಾಗಿ ಬಿಡಿಸಿ ಗೆರೆ ಎಳೆದು ತೋರಿಸುವ ಒಂದು ಆ್ಯಪ್ ಹಾಕಿ, ಹುಡುಗನ ಕೈಗೆ ಕೊಟ್ಟೆ. ಮೊಬೈಲ್ ತೋರಿಸುವ ಡೆಸಿಬಲ್ ಲೆಕ್ಕವನ್ನು ಪೂರ್ತಿ ನಂಬಲಾಗದು. ಆದರೆ ಅದೇ ಮೊಬೈಲು, ಅದೇ ಜಾಗ, ಅದೇ ರಸ್ತೆ ಇದ್ದರೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸವನ್ನು ನಂಬಬಹುದು.

80ರಲ್ಲಿ ಹೋಗುವಾಗ ಎಂಜಿನ್ ಸದ್ದನ್ನು ಬೇರೆ ಮಾಡಲು ಸ್ವಲ್ಪ ದೂರ ನ್ಯೂಟ್ರಲ್‌ನಲ್ಲಿ ಬಿಟ್ಟೆ. ಮೊರೆತ ಹಾಗೇ ಇತ್ತು. ಅಲ್ಲಿಗೆ ಎಂಜಿನ್ನಿನ ತಪ್ಪಲ್ಲ ಎಂದಾಯಿತು. ಗೆರೆಯಲ್ಲಿ ಮೂರು ಕಡೆ ಗುಡ್ಡೆ ಎದ್ದಿತ್ತು. ಒಂದು 700 ಹರ್ಟ್ಸ್ ದಾಟಿದ ಜಾಗದಲ್ಲಿ. ವೇಗವನ್ನು 40ಕ್ಕೆ ಇಳಿಸಿದಾಗ ಅದು ಸರಿಯಾಗಿ ಒಂದು ಸ್ಥಾಯಿ ಕೆಳಗೆ, ಅಂದರೆ ಅರ್ಧಕ್ಕೆ, ಬಂತು. ಇದು ಗ್ರಿಪ್ಪಿನ ಸದ್ದು. ನನ್ನ ಟೈರಿನ ಸುತ್ತಳತೆ ಸುಮಾರು 1.95 ಮೀಟರ್, 80ರಲ್ಲಿ ಸೆಕೆಂಡಿಗೆ 11 ಸುತ್ತು ಚಿಲ್ಲರೆ. ಮನೆಗೆ ಬಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೊರ ಅಂಚಿನ ರಬ್ಬರ್ ತುಂಡುಗಳನ್ನು ಎಣಿಸಿದೆ, 64. ಗುಣಿಸಿ ನೋಡಿ, 730ರ ಹತ್ತಿರ ಬರುತ್ತದೆ. ಪ್ರತಿ ತುಂಡೂ ರಸ್ತೆಗೆ ಬಡಿಯುತ್ತದೆ, ತುಂಡುಗಳ ನಡುವಿನ ಗಾಳಿ ಒತ್ತಿಕೊಂಡು ಹೊರಗೆ ಚಿಮ್ಮುತ್ತದೆ. ಎಲ್ಲ ಒಂದೇ ಸ್ವರ ಹಿಡಿದು ಕೂಗಬಾರದು ಎಂದು ಟೈರು ಮಾಡುವವರು ತುಂಡುಗಳ ಉದ್ದವನ್ನು ಬೇಕೆಂದೇ ಹೆಚ್ಚುಕಡಿಮೆ ಇಡುತ್ತಾರೆ. ನಾನು ಕೊಂಡ ಗಟ್ಟಿ ಟೈರಿನ ಅಂಚಿನ ತುಂಡುಗಳು ದೊಡ್ಡವು, ಅವುಗಳ ನಡುವಿನ ಕಚ್ಚು ಅಗಲ. ಅದರ ಕೂಗು ಅಷ್ಟು.

ಎರಡನೆಯದು 220ರ ಆಸುಪಾಸು. ಶ್ರುತಿಪೆಟ್ಟಿಗೆಯಲ್ಲಿ ಹೇಳುವುದಾದರೆ ಬಿಳಿ ಆರು. ವೇಗ ಎಷ್ಟೇ ಇರಲಿ, ಇದು ಜಾಗ ಬಿಟ್ಟು ಕದಲಲಿಲ್ಲ. ಕೂಳೂರು ಸೇತುವೆಯ ಜೋಡಣೆಗಳ ಮೇಲೆ ಹೋದಾಗ "ಡಂಯ್" ಎಂದು ಚೆನ್ನಾಗಿ ಕೇಳಿಸುತ್ತಿತ್ತು. ಇದು ಟೈರಿನ ಒಳಗಿನ ಗಾಳಿ ಹಾಡುವ ಸ್ವರ. ಟೈರಿನೊಳಗೆ ಬಳೆಯ ಆಕಾರದಲ್ಲಿ ಗಾಳಿ ಇದೆಯಲ್ಲ, ಆ ಬಳೆಯ ಸುತ್ತಳತೆ ನಡುಮಧ್ಯದಲ್ಲಿ ಒಂದೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಶಬ್ದದ ವೇಗವನ್ನು ಅದರಿಂದ ಭಾಗಿಸಿದರೆ ಇದೇ ಸಂಖ್ಯೆ. ಮೃದಂಗದ ಶ್ರುತಿ ಬಿಗಿ ಮಾಡಿದ ಹಾಗೆ ಗಾಳಿ ಹೆಚ್ಚು ತುಂಬಿ ಈ ಸ್ವರವನ್ನು ಮೇಲೇರಿಸಲಾಗದು. ಒತ್ತಡ ಹೆಚ್ಚಾದರೂ ಗಾಳಿಯಲ್ಲಿ ಶಬ್ದದ ವೇಗ ಹಾಗೇ ಇರುತ್ತದೆ. ಆದರೆ ಟೈರು ಕಲ್ಲಿನಂತೆ ಬಿಗಿಯಾಗಿದ್ದರೆ ಪ್ರತಿ ಹೊಡೆತವೂ ಜೋರಾಗಿ ಒಳಗೆ ಬರುತ್ತದೆ.

ಮೂರನೆಯದು ತೀರಾ ಕೆಳಗಿನ ಒಂದು ಗುರುಗುಟ್ಟು. ಅದರ ಕಥೆ ಆಮೇಲೆ.

ಬಿಗಿ ಎಂದ ಕೂಡಲೇ ಗಾಳಿ ನೋಡುವ ಬುದ್ಧಿ ಬಂತು. ಬೆಳಿಗ್ಗೆ ಎದ್ದು, ಕಾರು ಒಂದಡಿಯೂ ಚಲಿಸುವ ಮೊದಲು, ನನ್ನದೇ ಗೇಜಿನಲ್ಲಿ ನೋಡಿದೆ. 44, 43, 45, 40! ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಇರುವುದು 33. ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್ಮಿನಲ್ಲಿ ಸರಿಯಾಗಿ ಕೂರಬೇಕಾದರೆ ಮೊದಲು ಜಾಸ್ತಿ ಗಾಳಿ ಹೊಡೆಯಬೇಕು, ಟಪ್ ಟಪ್ ಎಂದು ಎರಡು ಸಲ ಸದ್ದು ಕೇಳಿದ ಮೇಲೆ ಇಳಿಸಬೇಕು. ಇಳಿಸುವುದನ್ನು ಮರೆತಿದ್ದರು. 33ಕ್ಕೆ ತಂದ ಮೇಲೆ ಸೇತುವೆಯ "ಡಂಯ್" ಅರ್ಧಕ್ಕರ್ಧ ಹೋಯಿತು. ಗುಂಡಿಗೆ ಬಿದ್ದಾಗ ಸ್ಟಿಯರಿಂಗಿಗೆ ಬರುತ್ತಿದ್ದ ಪೆಟ್ಟೂ ಕಡಿಮೆಯಾಯಿತು. ಒಂದು ಪೈಸೆ ಖರ್ಚಿಲ್ಲ. "28ಕ್ಕೆ ಇಳಿಸಿ, ಇನ್ನೂ ಮೆತ್ತಗಾಗ್ತದೆ" ಎಂದು ಪೆಟ್ರೋಲ್ ಬಂಕಿನ ಹುಡುಗ ಸಲಹೆ ಕೊಟ್ಟ. ಅದು ಬೇಡ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮಡಚಿ ಮಡಚಿ ಬಿಸಿಯಾಗುತ್ತದೆ, ಮೈಲೇಜೂ ಹೋಗುತ್ತದೆ. ಡಿಕ್ಕಿಯಲ್ಲಿ ಸಾಮಾನು ತುಂಬಿದ ದಿನ ನಾನು ಹಿಂದಿನ ಎರಡಕ್ಕೆ ಸ್ಟಿಕ್ಕರಿನಲ್ಲಿರುವ ಫುಲ್ ಲೋಡಿನ ಲೆಕ್ಕವನ್ನೇ ಹಾಕುತ್ತೇನೆ.

ಗೇಜು ಹಿಡಿದು ಕೂತಿದ್ದಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಮೂರು ಟೈರುಗಳ ಹೊರಮೈಯಲ್ಲಿ 'ಔಟ್‌ಸೈಡ್' ಎಂದು ಅಚ್ಚು ಇದೆ, ಎಡಗಡೆಯ ಹಿಂದಿನದರಲ್ಲಿ ಇಲ್ಲ. ಟಾರ್ಚ್ ಹಿಡಿದು ಕಾರಿನಡಿಗೆ ತಲೆ ಹಾಕಿದರೆ ಆ ಅಕ್ಷರ ಒಳಗಡೆ ಕೂತು ನನ್ನನ್ನೇ ನೋಡುತ್ತಿದೆ! ಒಳಗೂ ಹೊರಗೂ ಬೇರೆ ಬೇರೆ ವಿನ್ಯಾಸ ಇರುವ ಟೈರು ಅದು, ತಿರುಗಿಸಿ ಹಾಕಿದ್ದರು. ಅಂಗಡಿಯವರು "ಅದರಿಂದ ಏನೂ ಆಗುದಿಲ್ಲ" ಎಂದರೂ, ಫೋಟೋ ತೋರಿಸಿದ ಮೇಲೆ ಬಿಚ್ಚಿ ಸರಿಯಾಗಿ ಹಾಕಿ, ಮತ್ತೆ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು. ನಿಜ ಹೇಳಬೇಕೆಂದರೆ ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಆಗಲಿಲ್ಲ. ಆದರೆ ಮಳೆನೀರಿನಲ್ಲಿ, ತಿರುವಿನಲ್ಲಿ ಟೈರು ಹೇಗೆ ಹಿಡಿಯಬೇಕು ಎಂದು ಲೆಕ್ಕ ಹಾಕಿಯೇ ಆ ವಿನ್ಯಾಸ ಮಾಡಿರುತ್ತಾರೆ. ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿ ಓಡಿಸುವವನು ಅದನ್ನು ಹಾಗೇ ಬಿಡಬಾರದು. ತಯಾರಾದ ದಿನವನ್ನೂ ಆಗಲೇ ನೋಡಿಕೊಂಡೆ. ಪಕ್ಕೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 1423 ಎಂದಿದ್ದರೆ 2023ರ ಹದಿನಾಲ್ಕನೇ ವಾರ. ನನ್ನವು ಹೊಸವೇ, ಗೋಡೌನಿನಲ್ಲಿ ಒಣಗಿದ ಮಾಲಲ್ಲ.

ಇನ್ನು ಆ ಗುರುಗುಟ್ಟು. ಗ್ರಿಪ್ಪಿನ ಸದ್ದು ರಸ್ತೆಯ ಜೊತೆ ಬದಲಾಗುತ್ತದೆ. ಮಂಗಳೂರು ಪೇಟೆಯೊಳಗಿನ ಕಾಂಕ್ರೀಟ್ ರಸ್ತೆಯಲ್ಲಿ ಅಡ್ಡಗೆರೆಗಳ ಮೇಲೆ ಕಿರುಚುವ ಟೈರು, ಹೊಸ ಡಾಂಬರಿಗೆ ಇಳಿದ ಕೂಡಲೇ ಪಿಸುಗುಟ್ಟುತ್ತದೆ. ಆದರೆ ಈ ಗುರುಗುಟ್ಟಿಗೆ ಕಾಂಕ್ರೀಟೂ ಒಂದೇ, ಡಾಂಬರೂ ಒಂದೇ. ವೇಗ ಹೆಚ್ಚಿದಂತೆ ಏರುತ್ತದೆ, ಅಷ್ಟೇ. ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿದೆ. ಎಡಕ್ಕೆ ವಾಲಿಸಿದಾಗ ಜೋರು, ಬಲಕ್ಕೆ ವಾಲಿಸಿದಾಗ ಹೆಚ್ಚುಕಡಿಮೆ ಮೌನ. ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಹಾಗಾದರೆ ಕಳ್ಳ ಬಲಗಡೆ ಇದ್ದಾನೆ.

ನನ್ನ ಗ್ಯಾರೇಜಿನ ಮೇಸ್ತ್ರಿ ಹಳೆಯ ಕಾಲದವರು. ಕಂಪ್ಯೂಟರ್ ಹತ್ತಿರವೂ ಹೋಗಲಿಲ್ಲ. ಬಲಗಡೆಯ ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲೆ ಇಟ್ಟರು. "ಎಂತದು ಮಾರಾಯ್ರೆ, ಹೊಸ ಟೈರಿಗೆ ಬೈತಾ ಇದ್ದೀರಲ್ಲ. ಇಲ್ಲಿ ಕೈ ಇಟ್ಟು ನೋಡಿ." ಇಟ್ಟೆ. ಮರಳಿನ ಮೇಲೆ ಕಬ್ಬಿಣ ಎಳೆದ ಹಾಗೆ ಜರಜರ ಎಂದು ಬೆರಳಿಗೆ ಬಂತು. ಎಡಗಡೆಯದ್ದಕ್ಕೆ ಕೈ ಇಟ್ಟರೆ ಬೆಣ್ಣೆ. ಬೇರಿಂಗ್ ಹೋಗಿತ್ತು.

"ಅದು ಮೊದಲೇ ಹೋಗಿತ್ತು. ನಿಮ್ಮ ಹಳೇ ಟೈರಿನ ಗಲಾಟೆಯಲ್ಲಿ ನಿಮಗೆ ಕೇಳಿಸ್ಲಿಲ್ಲ, ಅಷ್ಟೇ" ಎಂದರು ಮೇಸ್ತ್ರಿ. ನನಗೆ ನಾಚಿಕೆಯಾಯಿತು. ಸವೆದ ಟೈರು ಎಂದು ತಿಂಗಳುಗಟ್ಟಲೆ ಸಹಿಸಿಕೊಂಡ ಸದ್ದಿನಲ್ಲಿ ಇದೂ ಸೇರಿತ್ತು. ಹೊಸತು ಹಾಕಿದ ಮೇಲೂ ಹೋಗಲಿಲ್ಲ ಎಂದಾಗ ಹೊಸದರ ತಲೆಗೇ ಕಟ್ಟಿದೆ. ಮರುದಿನ ಬೇರಿಂಗ್ ಬದಲಾಯಿತು, ಜೊತೆಗೆ ಅಲೈನ್‌ಮೆಂಟೂ ಆಯಿತು. ಮುಲ್ಕಿಯ ದಾರಿಯಲ್ಲಿ ಆ್ಯಪಿನ ಕೆಳಗಿನ ಗುಡ್ಡೆ ಇರಲೇ ಇಲ್ಲ.

ಉಳಿದದ್ದು ಗ್ರಿಪ್ಪಿನ ಸ್ವಂತ ಸ್ವರ. ಅದಕ್ಕೂ ಏನಾದರೂ ಮಾಡುತ್ತೇನೆ ಎಂಬ ಹಟದಲ್ಲಿ ಆನ್‌ಲೈನಿನಿಂದ ಅಲ್ಯೂಮಿನಿಯಂ ಮುಖದ ರಬ್ಬರ್ ಶೀಟು ತರಿಸಿದೆ. ಒಂದು ಭಾನುವಾರ ಪೂರ್ತಿ ಹಿಂದಿನ ಸೀಟು ಬಿಚ್ಚಿ, ಸ್ಟೆಪ್ನಿ ಇಡುವ ಗುಂಡಿ, ಚಕ್ರದ ಮೇಲಿನ ಉಬ್ಬು, ಡಿಕ್ಕಿಯ ತಳ ಎಲ್ಲ ಒರೆಸಿ, ಶೀಟು ಅಂಟಿಸಿ ರೋಲರಿನಲ್ಲಿ ಒತ್ತಿದೆ. ಸೊಂಟ ಹೋಯಿತು. ಫಲ? ತಗಡಿನ ಮೇಲೆ ಬೆರಳಿನಿಂದ ಕುಟ್ಟಿದರೆ ಮೊದಲು ಡಬ್ಬಿಯ ಸದ್ದು, ಈಗ ಮರದ ಹಲಗೆಯ ಸದ್ದು. ಜಲ್ಲಿ ಸಿಡಿಯುವ ಚಟಪಟ, ತಗಡಿನ ಕಂಪನ ಚೆನ್ನಾಗಿ ಇಳಿಯಿತು. ಟೈರಿನ ಮೊರೆತ ಮಾತ್ರ ನಾನು ಸುರಿದ ದುಡ್ಡಿನ ಲೆಕ್ಕಕ್ಕೆ ಇಳಿಯಲಿಲ್ಲ. ತಗಡು ನಡುಗುವುದನ್ನು ಆ ಶೀಟು ತಡೆಯುತ್ತದೆ, ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ಅದರ ಕೆಲಸವಲ್ಲ. ಮೈಕ್‌ಸೆಟ್ಟಿನವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಯಾರಾದರೂ ಅಂಟಿಸುವುದಿದ್ದರೆ ತಳದಲ್ಲಿ, ಬಾಗಿಲಿನ ಕೆಳಗೆ ನೀರು ಹೋಗಲು ಬಿಟ್ಟಿರುವ ತೂತುಗಳನ್ನು ಮುಚ್ಚಬೇಡಿ. ನಮ್ಮೂರಿನ ಮಳೆಗೆ ಎರಡೇ ವರ್ಷದಲ್ಲಿ ತುಕ್ಕು ತಿನ್ನುತ್ತದೆ.

ಅದಕ್ಕಿಂತ ಹೆಚ್ಚು ಉಪಕಾರವಾದದ್ದು ಒಂದು ಕಾಗದದ ತುಂಡಿನಿಂದ. ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಕಾಗದ ಇಟ್ಟು ಬಾಗಿಲು ಹಾಕಿ ಎಳೆಯಬೇಕು. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿಂದ ಗಾಳಿಯೂ ಸದ್ದೂ ಒಳಗೆ ಬರುತ್ತದೆ. ನನ್ನ ಹಿಂದಿನ ಬಲಬಾಗಿಲಿನ ಬೀಡಿಂಗ್ ಚಪ್ಪಟೆಯಾಗಿತ್ತು. ವರ್ಷಗಟ್ಟಲೆ ಮೈಕ್ ಸ್ಟ್ಯಾಂಡುಗಳನ್ನು ಅದರ ಮೇಲೆ ಉಜ್ಜಿ ತುರುಕಿದ್ದು ನಾನೇ. ಹುಡುಗ ಮೊದಲ ರಾತ್ರಿ ಹಿಂದಿನ ಗ್ಲಾಸು ಇಳಿದಿದೆಯಾ ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಮುಂದಿನ ಸಲ ಟೈರು ತೆಗೆಯುವಾಗ ಯಾವುದನ್ನು ನೋಡಬೇಕು ಎಂದು ಈಗಲೇ ಹುಡುಕಿಟ್ಟಿದ್ದೇನೆ. ಯುರೋಪಿನಲ್ಲಿ ಮಾರುವ ಟೈರುಗಳ ಲೇಬಲ್ಲಿನಲ್ಲಿ ಸದ್ದಿನ ಡೆಸಿಬಲ್ ಬರೆದಿರುತ್ತಾರೆ, ಎ, ಬಿ, ಸಿ ಎಂದು ದರ್ಜೆಯೂ ಇರುತ್ತದೆ. ಅದೇ ಮಾದರಿ ಅಲ್ಲೂ ಸಿಗುವುದಾದರೆ ನೋಡಬಹುದು. ಆದರೆ ಅದು ಎಂಜಿನ್ ಬಂದ್ ಮಾಡಿ ಉರುಳುವ ಕಾರಿನ ಸದ್ದನ್ನು ರಸ್ತೆಯ ಬದಿಯಲ್ಲಿ, ನಡುಗೆರೆಯಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆದದ್ದು. ರಸ್ತೆಬದಿಯ ಮನೆಯವರಿಗೆ ಕೇಳುವ ಸದ್ದು ಅದು, ಒಳಗೆ ಕೂತ ನಮಗೆ ಕೇಳುವುದಲ್ಲ. ಹಾಗಾಗಿ ಅದೇ ಟೈರು ಹಾಕಿದ ಪರಿಚಯದವರ ಕಾರಿನಲ್ಲಿ ಒಮ್ಮೆ ಕೂತು ಬರುವುದೇ ಮೇಲು.

ಕಳೆದ ವಾರ ಮತ್ತೆ ಕುಂದಾಪುರದ ಕಡೆಯಿಂದ ಬರುತ್ತಿದ್ದೆವು. ಹೆಜಮಾಡಿ ಟೋಲ್ ದಾಟಿ ಸ್ವಲ್ಪ ಹೊತ್ತಿಗೆ ಹುಡುಗ ಕಣ್ಣುಜ್ಜಿಕೊಂಡು ಎದ್ದು ಕೂತ.

"ಅಣ್ಣಾ, ಹಿಂದೆ ಎಂತದೋ ಟಿಕ್ ಟಿಕ್ ಅಂತದೆ."

ಗಾಡಿ ಬದಿಗೆ ಹಾಕಿ ಡಿಕ್ಕಿ ತೆಗೆದೆ. ಎರಡು ಮೈಕ್ ಸ್ಟ್ಯಾಂಡುಗಳು ಒಂದಕ್ಕೊಂದು ತಾಗುತ್ತಿದ್ದವು. ಎಷ್ಟು ವರ್ಷದಿಂದ ತಾಗುತ್ತಿದ್ದವೋ. ನಡುವೆ ಒಂದು ಬೈರಾಸು ಸುತ್ತಿಟ್ಟು ಹೊರಟೆವು.