ಡ್ರಮ್ ಹೊತ್ತು ಸೊಂಟ ನೋಯುತ್ತಿದೆಯೆ? ಮೊದಲು ಹೆಗಲ ಪಟ್ಟಿ ನೋಡಿ

ಕಾಸರಗೋಡಿನ ಕಡೆ ಮಳೆ ನಿಂತ ಮೇಲೆ ಡ್ರಮ್ಮಿಗೂ ಚೆಂಡೆಗೂ ಬಿಡುವಿಲ್ಲ. ಶಾಲಾ ಕಲೋತ್ಸವದ ಬ್ಯಾಂಡ್ ಮೇಳ ಮತ್ತು ಚೆಂಡೆಮೇಳ, ಜನವರಿ 26ರ ಪಥಸಂಚಲನ, ಅದರ ಹಿಂದೆಯೇ ಜಾತ್ರೆ, ಬ್ರಹ್ಮಕಲಶೋತ್ಸವ, ಹೊರೆಕಾಣಿಕೆ. ಕುಂಬಳೆಯಿಂದ ಬದಿಯಡ್ಕ, ಮುಳ್ಳೇರಿಯದ ವರೆಗೆ ಯಾವ ಮೆರವಣಿಗೆಗೆ ಹೋದರೂ ಮುಂದೆ ಒಂದು ಬ್ಯಾಂಡ್ ಸೆಟ್ಟೋ, ಕುಣಿಯುತ್ತ ಚೆಂಡೆ ಬಾರಿಸುವ ಶಿಂಗಾರಿ ಮೇಳವೋ ಕಾಣಸಿಗುತ್ತದೆ. ಅಂಥ ದಿನದ ರಾತ್ರಿ ಸೊಂಟ ಹಿಡಿದುಕೊಂಡು ಮಲಗುವವರಲ್ಲಿ ಹೈಸ್ಕೂಲಿನ ಮಕ್ಕಳೂ ಇರುತ್ತಾರೆ. ‘ಅಭ್ಯಾಸವಾದರೆ ಸರಿಹೋಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಹಾಗೆ ತಾನಾಗಿ ಸರಿಹೋಗುವ ನೋವು ಇದಲ್ಲ. ಡ್ರಮ್ ಮೈಗೆ ಎಷ್ಟು ಹತ್ತಿರ ಕೂತಿದೆ, ಪಟ್ಟಿ ಎಲ್ಲಿ ಎಳೆಯುತ್ತಿದೆ ಎಂಬುದನ್ನು ಸರಿಪಡಿಸದೆ ಬೆನ್ನಿಗೆ ಎಷ್ಟು ಎಣ್ಣೆ ತಿಕ್ಕಿದರೂ ಮುಂದಿನ ಮೆರವಣಿಗೆಯಲ್ಲಿ ಅದು ಮತ್ತೆ ಬರುತ್ತದೆ.

5 ಸೆಂಟಿಮೀಟರಿನ ಲೆಕ್ಕ

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಬಾವಿಯಿಂದ ಅಡುಗೆಮನೆಗೆ ಆರಾಮವಾಗಿ ತರಬಹುದು, ಅದನ್ನೇ ಕೈಚಾಚಿ ಹಿಡಿದರೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಡ್ರಮ್ಮಿನ ವಿಷಯವೂ ಹಾಗೆಯೇ. 24 ಇಂಚಿನ ದೊಡ್ಡ ಡ್ರಮ್ಮಿನ ನಡುಬಿಂದು ಅದರ ಅಂಚಿನಿಂದ ಸುಮಾರು 30 ಸೆಂ.ಮೀ. ದೂರದಲ್ಲಿದೆ. ಹೊಟ್ಟೆಯಿಂದ ಬೆನ್ನೆಲುಬಿನವರೆಗೆ ಇನ್ನೊಂದು 15 ಸೆಂ.ಮೀ. ಎಂದಿಟ್ಟುಕೊಳ್ಳಿ. ಅಂದರೆ ಭಾರ ಬೆನ್ನೆಲುಬಿನಿಂದ 45 ಸೆಂ.ಮೀ. ಮುಂದೆ ನಿಂತಿದೆ. ಅದನ್ನು ಹಿಂದಿನಿಂದ ಎಳೆದು ಹಿಡಿಯಬೇಕಾದ ಬೆನ್ನಿನ ಸ್ನಾಯುಗಳು ಬೆನ್ನೆಲುಬಿನಿಂದ 5 ಸೆಂ.ಮೀ. ಆಸುಪಾಸಿನಲ್ಲೇ ಇವೆ. 45ನ್ನು 5ರಿಂದ ಭಾಗಿಸಿದರೆ ಒಂಬತ್ತು. 7 ಕೆ.ಜಿ. ಡ್ರಮ್ಮಿಗೆ ಸ್ನಾಯು ಸುಮಾರು 63 ಕೆ.ಜಿ. ಬಲ ಹಾಕಬೇಕು.

ಪಟ್ಟಿ ಸಡಿಲವಾಗಿ ಡ್ರಮ್ ಇನ್ನು 5 ಸೆಂ.ಮೀ. ಮುಂದೆ ಸರಿಯಿತು ಅನ್ನಿ. ಒಂಬತ್ತು ಪಾಲು ಹತ್ತಾಗುತ್ತದೆ, ಸೊಂಟದ ಮಟ್ಟಿಗೆ ಇನ್ನೊಂದು ಡ್ರಮ್ಮನ್ನೇ ಹೊರಿಸಿದಂತೆ. ಇಷ್ಟು ಬಲ ಹಾಕಲು ಒಲ್ಲದ ಮೈ ಸುಲಭದ ದಾರಿ ಹುಡುಕುತ್ತದೆ: ಹೊಟ್ಟೆಯನ್ನು ಮುಂದೆ ತಳ್ಳಿ, ಎದೆಯನ್ನು ಹಿಂದಕ್ಕೆ ಒರಗಿಸಿ ನಿಲ್ಲುತ್ತದೆ. ಆಗ ಸ್ನಾಯುವಿಗೆ ಸ್ವಲ್ಪ ವಿರಾಮ ಸಿಕ್ಕರೂ ಕೆಳಬೆನ್ನಿನ ಹಿಂಭಾಗದ ಸಣ್ಣ ಕೀಲುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ದೊಡ್ಡ ಡ್ರಮ್ ಬಾರಿಸುವವರ ನೋವು ಬಹಳ ಸಲ ಹಿಂದಕ್ಕೆ ಬಾಗಿದಾಗಲೇ ಚುಚ್ಚುವುದು ಇದರಿಂದ.

ತೂಗಿ, ಅಳೆದು ನೋಡಿ

ತೂಕದ ಯಂತ್ರದ ಮೇಲೆ ಡ್ರಮ್ ಹೊತ್ತು ನಿಲ್ಲಿ, ಡ್ರಮ್ ಇಳಿಸಿ ಮತ್ತೆ ನಿಲ್ಲಿ, ವ್ಯತ್ಯಾಸ ಬರೆದಿಡಿ. ಅಡಿಕೆ ಅಂಗಡಿಯ ಕೊಕ್ಕೆ ತಕ್ಕಡಿಯಲ್ಲಿ ತೂಗಿಸಿದರೂ ಆದೀತು. ಪಟ್ಟಿ, ಕೊಕ್ಕೆ ಎಲ್ಲ ಸೇರಿಸಿಯೇ ತೂಗಬೇಕು.

ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹತ್ತನೇ ತರಗತಿಯವರೆಗಿನ ಮಕ್ಕಳ ಬ್ಯಾಗ್ ಮೈತೂಕದ ಶೇ. 10 ಮೀರಬಾರದು ಎನ್ನುತ್ತದೆ. ಆ ಅಳತೆಯಲ್ಲಿ 42 ಕೆ.ಜಿ.ಯ ಹುಡುಗಿಗೆ 4.2 ಕೆ.ಜಿ. ಆದರೆ ಬ್ಯಾಗ್ ಬೆನ್ನಿಗೆ ಅಂಟಿಕೊಂಡಿರುತ್ತದೆ, ಡ್ರಮ್ ಮುಂದೆ ಚಾಚಿರುತ್ತದೆ. ಹಾಗಾಗಿ ಈ ಮಿತಿಯನ್ನು ಸಡಿಲಿಸದೆ ಪಾಲಿಸುವುದೇ ಒಳ್ಳೆಯದು. ಶೇ. 10ರಿಂದ 15ರ ನಡುವೆ ಇದ್ದರೆ ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಹೊರಿಸಬೇಡಿ. ಶೇ. 15 ದಾಟಿದರೆ ಆ ಮಗುವಿಗೆ ಆ ಡ್ರಮ್ ಬೇಡ, ಚಿಕ್ಕ ಡ್ರಮ್ ಕೊಡಿ ಅಥವಾ ಕೈಗೆ ಜಾಗಟೆ, ಸಿಂಬಲ್ ಕೊಡಿ. ಸಾಲಿನಲ್ಲಿ ಎತ್ತರ ಒಂದೇ ಸಮ ಕಾಣಬೇಕೆಂದು ಸಣ್ಣ ಮೈಯ ಮಗುವಿಗೆ ದೊಡ್ಡ ಡ್ರಮ್ ಕಟ್ಟುವುದು ಸರಿಯಲ್ಲ.

ಇನ್ನು ಅಳತೆ. ಡ್ರಮ್ ಹಾಕಿಕೊಂಡು ನೆಟ್ಟಗೆ ನಿಂತಾಗ ಡ್ರಮ್ಮಿಗೂ ಹೊಟ್ಟೆಗೂ ನಡುವೆ ಚಪ್ಪಟೆ ಅಂಗೈ ಮಾತ್ರ ಹೋಗಬೇಕು. ಮುಷ್ಟಿ ಹೋದರೆ ಪಟ್ಟಿ ಸಡಿಲ. ದೊಡ್ಡ ಡ್ರಮ್ಮಿನ ಮೇಲಂಚು ಗಲ್ಲಕ್ಕಿಂತ ಕೆಳಗೆ ಇರಬೇಕು, ಇಲ್ಲವಾದರೆ ದಾರಿ ಕಾಣಲು ಕತ್ತನ್ನು ಒಂದೇ ಬದಿಗೆ ವಾಲಿಸಿ ನಡೆಯುತ್ತಾರೆ, ಮರುದಿನ ಕುತ್ತಿಗೆ ಹಿಡಿಯುತ್ತದೆ. ಮೊಣಕೈ ಮಡಚಿದಾಗ ಕೋಲಿನ ತುದಿ ಚರ್ಮದ ನಡುಭಾಗಕ್ಕೆ ತಾಗಬೇಕು. ಪಕ್ಕಕ್ಕೆ ನೇತುಹಾಕುವ ಚಿಕ್ಕ ಡ್ರಮ್ಮಿನ, ಅಂದರೆ ಸೈಡ್ ಡ್ರಮ್ಮಿನ ಅಂಚು ಬೆಲ್ಟಿನ ಮಟ್ಟದಲ್ಲಿರಲಿ. ಅದಕ್ಕಿಂತ ಕೆಳಗಿದ್ದರೆ ಬಾರಿಸುವವರು ಬಗ್ಗುತ್ತಾರೆ, ಮೇಲಿದ್ದರೆ ಹೆಗಲು ಕಿವಿಯ ಕಡೆಗೆ ಏರುತ್ತದೆ.

ಕೊನೆಗೆ ಪಕ್ಕದಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕಿವಿ, ಹೆಗಲು, ಸೊಂಟದ ಎಲುಬು, ಪಾದದ ಗಂಟು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಬೇಕು. ಅಭ್ಯಾಸ ಶುರುವಾದಾಗ ಒಂದು, ಅರ್ಧ ಗಂಟೆ ಕಳೆದು ಇನ್ನೊಂದು. ಎರಡನೆಯದರಲ್ಲಿ ಹೆಗಲು ಸೊಂಟಕ್ಕಿಂತ ಹಿಂದೆ ಹೋಗಿದ್ದರೆ ವಿರಾಮ ಕೊಡಲು ತಡವಾಗಿದೆ ಎಂದರ್ಥ.

ದೊಡ್ಡ ಡ್ರಮ್ಮಿಗೆ ಗುಣಿಸು ಚಿಹ್ನೆಯ ಪಟ್ಟಿ

ಹಲವು ಶಾಲೆಗಳಲ್ಲಿ ಈಗಲೂ ಇರುವುದು ಕತ್ತಿಗೆ ಬೀಳುವ ಒಂದೇ ಪಟ್ಟಿ. ಭಾರವೆಲ್ಲ ಕುತ್ತಿಗೆಯ ಬುಡಕ್ಕೆ, ಡ್ರಮ್ ಹೆಜ್ಜೆಹೆಜ್ಜೆಗೂ ಮುಂದೆ ತೂಗುತ್ತದೆ. ಭುಜದ ಮೇಲೆ ಕೂರುವ ಲೋಹದ ಹಾರ್ನೆಸ್ ಕೊಳ್ಳಲು ಹಣವಿದ್ದರೆ ಒಳ್ಳೆಯದೇ. ಇಲ್ಲದಿದ್ದರೆ ವಾಹನದ ಸೀಟ್ ಹೊಲಿಯುವ ಅಂಗಡಿಯಲ್ಲೋ ಬ್ಯಾಗ್ ರಿಪೇರಿಯವರಲ್ಲೋ ಹೀಗೆ ಹೊಲಿಸಬಹುದು.

5 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ಬೇಕು. ಕಾರಿನ ಹಳೆಯ ಸೀಟ್ ಬೆಲ್ಟ್ ಹೆಚ್ಚುಕಡಿಮೆ ಅದೇ ಅಗಲದ್ದು, ಗಟ್ಟಿಯೂ ಹೌದು. ಬಾರಿಸುವವರ ಮೈಮೇಲೆ ಟೇಪು ಹಿಡಿದು ಅಳತೆ ತೆಗೆಯಿರಿ: ಡ್ರಮ್ಮಿನ ಎಡ ಕೊಕ್ಕೆಯಿಂದ ಎಡ ಹೆಗಲಿಗೆ, ಅಲ್ಲಿಂದ ಬೆನ್ನಿಗೆ ಅಡ್ಡವಾಗಿ ಬಲ ಪಕ್ಕೆಯ ಕೆಳಕ್ಕೆ, ಅಲ್ಲಿಂದ ಬಲ ಕೊಕ್ಕೆಗೆ. ಬಂದ ಅಳತೆಗೆ 25 ಸೆಂ.ಮೀ. ಸೇರಿಸಿ. ಹೈಸ್ಕೂಲಿನ ಮಕ್ಕಳಿಗೆ ಒಂದೊಂದು ಪಟ್ಟಿ 1.4 ಮೀಟರಿನ ಆಸುಪಾಸಿನಲ್ಲಿ ಬರುತ್ತದೆ. ಎರಡಕ್ಕೆ 3 ಮೀಟರ್ ಸಾಕು. ಕತ್ತರಿಸಿದ ತುದಿಗಳನ್ನು ಮೇಣದಬತ್ತಿಯ ಉರಿಗೆ ಹಿಡಿದು ಕರಗಿಸಿ, ಇಲ್ಲವಾದರೆ ನೂಲು ಬಿಟ್ಟುಕೊಳ್ಳುತ್ತದೆ.

ಎರಡು ಪಟ್ಟಿಗಳು ಬೆನ್ನಿನಲ್ಲಿ ಗುಣಿಸು ಚಿಹ್ನೆಯಂತೆ ಹಾಯುವ ಜಾಗ ಎರಡೂ ಹೆಗಲ ಮೂಳೆಗಳ ನಡುವೆ ಇರಬೇಕು. ಅದು ಕುತ್ತಿಗೆಯ ಕಡೆ ಏರಿದರೆ ಪಟ್ಟಿ ಒಳಗೆ ಸರಿದು ಕತ್ತು ಉಜ್ಜುತ್ತದೆ, ಕೆಳಗಿಳಿದರೆ ಹೆಗಲಿನಿಂದ ಜಾರುತ್ತದೆ. ಆ ಜಾಗದಲ್ಲಿ 5 ಸೆಂ.ಮೀ. ಚೌಕ ಹೊಲಿಗೆ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಹೊಲಿಗೆ. ನೈಲಾನ್ ದಾರವೇ ಆಗಬೇಕು, ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಪ್ರತಿ ಪಟ್ಟಿಯ ಮುಂದಿನ ತುದಿಗೆ ಉದ್ದ ಹೆಚ್ಚುಕಡಿಮೆ ಮಾಡುವ ಬಕಲ್, ಪ್ರತಿ ತುದಿಗೂ ಕೊಕ್ಕೆ. ಹೆಗಲ ಮೇಲೆ ಬೀಳುವ 20 ಸೆಂ.ಮೀ. ಭಾಗಕ್ಕೆ ಸ್ಪಂಜು ಇಟ್ಟು ರೆಕ್ಸಿನ್ ಹೊಲಿಸಿ.

ಪಕ್ಕೆಯಡಿಯಿಂದ ಬರುವ ತುದಿ ಡ್ರಮ್ಮನ್ನು ಹೊಟ್ಟೆಯ ಕಡೆಗೆ ಎಳೆದು ಹಿಡಿಯುತ್ತದೆ. ಮೇಲೆ ಹೇಳಿದ ಆ 5 ಸೆಂ.ಮೀ. ಉಳಿಯುವುದು ಇದರಿಂದಲೇ, ಆದುದರಿಂದ ಹೆಗಲ ಪಟ್ಟಿ ಬಿಗಿದು ಇದನ್ನು ಜೋಲು ಬಿಡಬಾರದು. ಹೊಸ ಪಟ್ಟಿಯನ್ನು ಮಗುವಿನ ಮೈಗೆ ಹಾಕುವ ಮೊದಲು ಜಂತಿಗೆ ತೂಗುಹಾಕಿ, 15 ಲೀಟರ್ ನೀರಿನ ಬಕೆಟ್ ಕಟ್ಟಿ ಹತ್ತು ನಿಮಿಷ ಬಿಡಿ. ಹೊಲಿಗೆ ಸಡಿಲುವುದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಸೈಡ್ ಡ್ರಮ್ಮಿಗೆ ಬಲ ಹೆಗಲಿನಿಂದ ಎಡ ತೊಡೆಗೆ ಇಳಿಯುವ ಒಂಟಿ ಪಟ್ಟಿ ವಾಡಿಕೆ. ಡ್ರಮ್ ಹಗುರವಾದ್ದರಿಂದ ಅದು ನಡೆದೀತು. ತೊಡೆಗೆ ಬಡಿದು ಹೆಜ್ಜೆ ತಪ್ಪುವುದೇ ಅಲ್ಲಿನ ತೊಂದರೆ, ಅದಕ್ಕೆ ಸೊಂಟದ ಸುತ್ತ ಒಂದು ತೆಳು ಬೆಲ್ಟ್ ಹಾಕಿ ಡ್ರಮ್ಮಿಗೆ ಸಿಕ್ಕಿಸಿ.

ಚೆಂಡೆಯ ದಾರಿ ಬೇರೆ

ಚೆಂಡೆ ಹಲಸಿನ ಮರದ ಗೂಡಿನದು, ಸುಮಾರು ಎರಡಡಿ ಉದ್ದ, ಎಡ ಹೆಗಲಿಗೆ ನೇತುಹಾಕುವಂಥದ್ದು. ಎರಡೂ ಹೆಗಲಿಗೆ ಭಾರ ಹಂಚುವ ಅವಕಾಶ ದೇವಸ್ಥಾನದ ಮೇಳದಲ್ಲಿ ಇಲ್ಲ. ಭಾರ ಎಡಕ್ಕೆ ಎಳೆದಾಗ ಮೈ ವಾಲದಂತೆ ಹಿಡಿಯುವುದು ಬಲ ಸೊಂಟದ ಸ್ನಾಯು. ಚೆಂಡೆ ಎಡಕ್ಕಿದ್ದೂ ನೋವು ಬಲಕ್ಕೆ ಬರುವುದನ್ನು ಕಂಡು ಗಾಬರಿಯಾಗಬೇಕಿಲ್ಲ.

ನಿಂತು ಬಾರಿಸುವ ಮೇಳದಲ್ಲಿ ನಿಧಾನಗತಿಯೇ ಬೆನ್ನಿಗೆ ಹೆಚ್ಚು ಕಷ್ಟ. ಕೇರಳದ ದೇವಸ್ಥಾನಗಳಲ್ಲಿ ನಡೆಯುವ ಪಂಚಾರಿ ಮೇಳದ ಮೊದಲ ಕಾಲದಲ್ಲಿ, ಅಂದರೆ ಮೊದಲ ಹಂತದಲ್ಲಿ, ತಾಳದ ಒಂದು ಆವರ್ತಕ್ಕೆ (ಸುತ್ತಿಗೆ) 96 ಅಕ್ಷರ ಅಥವಾ ಎಣಿಕೆ, ಮುಂದಿನವುಗಳಲ್ಲಿ 48, 24, 12, ಕೊನೆಗೆ 6. ಮೊದಲ ಕಾಲದುದ್ದಕ್ಕೂ ಮೈ ಅಲುಗದೆ ನಿಲ್ಲುವುದರಿಂದ ಅದೇ ಸ್ನಾಯು ಬಿಡುವಿಲ್ಲದೆ ಬಿಗಿದಿರುತ್ತದೆ. ಪಾದಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಂತರ, ಎಡಗಾಲು ತುಸು ಮುಂದೆ, ಮಂಡಿ ಬಿಗಿಯದೆ ಸಡಿಲ. ಒಂದೊಂದು ಆವರ್ತ ಮುಗಿದಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ. ನೋಡುವವರಿಗೆ ಗೊತ್ತೇ ಆಗುವುದಿಲ್ಲ, ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ.

ಪಟ್ಟಿಯಡಿ ಬೈರಾಸನ್ನು (ಹೆಗಲ ಮೇಲಿನ ಟವೆಲನ್ನು) ನಾಲ್ಕು ಮಡಿಕೆ ಮಾಡಿ, ನಾಲ್ಕು ಬೆರಳಿನಷ್ಟು ಅಗಲಕ್ಕೆ ಇಡಿ. ಅದು ಕುತ್ತಿಗೆಗೂ ಹೆಗಲ ತುದಿಗೂ ನಡುವಿನ ಮಾಂಸಲ ಭಾಗದಲ್ಲಿ ಕೂರಬೇಕು. ಕೊರಳೆಲುಬಿನ ಮೇಲೆ ಅಥವಾ ಕುತ್ತಿಗೆಯ ಬುಡದಲ್ಲಿ ಒತ್ತಿದರೆ ತೋಳಿಗೆ ಹೋಗುವ ನರಗಳು ಸಿಕ್ಕಿಕೊಳ್ಳುತ್ತವೆ. ಬೆರಳು ಜೋಮು ಹಿಡಿದರೆ, ಕೋಲು ಕೈಯಿಂದ ಜಾರಿದರೆ ಕೂಡಲೇ ಚೆಂಡೆ ಇಳಿಸಬೇಕು. ದಿನವೂ ಇದನ್ನು ಸಹಿಸಿಕೊಂಡು ಬಾರಿಸಿದವರಿಗೆ ತೋಳೆತ್ತುವ ಶಕ್ತಿಯೇ ಕುಂದಬಹುದು.

ಶಿಂಗಾರಿ ಮೇಳದವರು ಕುಣಿಯುತ್ತ ಬಗ್ಗುವುದೂ ತಿರುಗುವುದೂ ಒಟ್ಟಿಗೆ ನಡೆಯುತ್ತದೆ. ಬೆನ್ನೆಲುಬಿನ ನಡುವಿನ ಡಿಸ್ಕಿಗೆ ಇದರಷ್ಟು ಕೆಟ್ಟ ಚಲನೆ ಇನ್ನೊಂದಿಲ್ಲ. ತಿರುಗುವಾಗ ಸೊಂಟವನ್ನು ತಿರುಚದೆ ಪಾದ ಎತ್ತಿಟ್ಟು ತಿರುಗಿ, ಬಗ್ಗುವ ಹೆಜ್ಜೆಯಲ್ಲಿ ಮಂಡಿ ಮಡಚಿ.

ಕಲಿಯುವ ಮಕ್ಕಳಿಗೆ ದಿನವೂ ಚೆಂಡೆ ಹೊರಿಸುವ ಅಗತ್ಯವೇ ಇಲ್ಲ. ಹುಣಸೆ ಮರದ ಕೋಲಿನಿಂದ ಕಲ್ಲಿನ ಮೇಲೋ ಮರದ ಮೇಲೋ ಸಾಧನೆ ಮಾಡಿಸುವುದು ಕೇರಳದ ಚೆಂಡೆಯ ಹಳೆಯ ಕ್ರಮ. ಕೈ ಅಲ್ಲೇ ಪಳಗುತ್ತದೆ. ಬ್ಯಾಂಡಿನ ಮಕ್ಕಳೂ ಹಾಗೆಯೇ ಬೆಂಚಿನ ಮೇಲೆ ರಬ್ಬರ್ ತುಂಡು ಇಟ್ಟು ಕೋಲು ಕಲಿಯಲಿ, ಡ್ರಮ್ಮಿಲ್ಲದೆ ಹೆಜ್ಜೆ ಕಲಿಯಲಿ, ಎರಡೂ ಬಂದ ಮೇಲೆ ಡ್ರಮ್ ಕಟ್ಟಲಿ.

ಆರು ವಾರ ಮೊದಲೇ

ಕಾರ್ಯಕ್ರಮಕ್ಕೆ ನಾಲ್ಕೇ ದಿನ ಇರುವಾಗ ದಿನಕ್ಕೆ ಮೂರು ಗಂಟೆ ಅಭ್ಯಾಸ ಮಾಡಿಸುವುದರಿಂದಲೇ ಹೆಚ್ಚಿನ ಬೆನ್ನುಗಳು ಕೆಡುವುದು. ಆರು ವಾರ ಸಿಕ್ಕರೆ ಮೊದಲ ವಾರ ಡ್ರಮ್ಮಿಲ್ಲದೆ 20 ನಿಮಿಷ ನಡಿಗೆ. ಎರಡನೇ ವಾರ ಡ್ರಮ್ಮಿನೊಂದಿಗೆ ಹತ್ತು ಹತ್ತು ನಿಮಿಷ, ಎರಡು ಸಲ. ಆಮೇಲೆ ವಾರಕ್ಕೆ ಐದು ನಿಮಿಷದಂತೆ ಏರಿಸಿ. ಒಂದೇ ಓಟದಲ್ಲಿ 25 ನಿಮಿಷ ದಾಟಬೇಡಿ. ವಿರಾಮವೆಂದರೆ ಡ್ರಮ್ ನೆಲಕ್ಕೆ ಇಳಿಯಬೇಕು. ಹೊತ್ತುಕೊಂಡೇ ನಿಂತು ಮಾಸ್ಟರ ಮಾತು ಕೇಳುವುದು ವಿರಾಮವಲ್ಲ.

ವಾರಕ್ಕೆ ನಾಲ್ಕು ದಿನ ಮೂರು ವ್ಯಾಯಾಮ ಸಾಕು. ಅಂಗೈ ಮತ್ತು ಮಂಡಿ ಊರಿ, ಬಲಗೈ ಹಾಗೂ ಎಡಗಾಲು ನೇರ ಚಾಚಿ 10 ಸೆಕೆಂಡ್ ಹಿಡಿಯುವುದು, ಆಮೇಲೆ ಬದಲಿಸುವುದು, ಬದಿಗೆ ಆರು ಸಲ. ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತುವುದು, ಅದೂ 10 ಸೆಕೆಂಡಿನಂತೆ ಬದಿಗೆ ಆರು. ಚೆಂಡೆಯವರು ಇದನ್ನು ಬಿಡಲೇಬಾರದು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು 12 ಸಲ. ಮಾಡುವಾಗ ಉಸಿರು ಕಟ್ಟಬಾರದು.

ಡ್ರಮ್ಮನ್ನು ಪಿಕಪ್ಪಿನಿಂದ ಇಳಿಸುವಾಗ ಉಳುಕುವ ಸೊಂಟಗಳೂ ಇವೆ. ಇಬ್ಬರು ಸೇರಿ ಇಳಿಸಿ, ಮೈಗೆ ಒತ್ತಿ ಹಿಡಿದ ಮೇಲೆ ತಿರುಗಿ.

ನೋವು ಬಂದಾಗ

ಡ್ರಮ್ ಬಿಡಿ, ಓಡಾಟ ಬಿಡಬೇಡಿ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ 15 ನಿಮಿಷ ಶಾಖ ಕೊಡಿ, ದಿನಕ್ಕೆ ಮೂರು ಸಲ. ಎಣ್ಣೆ ಹಚ್ಚಿ ಮೆಲ್ಲನೆ ಉಜ್ಜುವುದರಿಂದ ಹಾನಿಯಿಲ್ಲ, ಬೆನ್ನಿನ ಮೇಲೆ ಯಾರನ್ನೂ ಹತ್ತಿಸಬೇಡಿ, ‘ಲಟಕ್’ ಅನ್ನಿಸಿಕೊಳ್ಳಲು ಹೋಗಬೇಡಿ. ಸೊಂಟದ ಬೆಲ್ಟ್ ಕಟ್ಟಿಕೊಂಡು ಬಾರಿಸಿದರೆ ನೋವೇ ಬಾರದು ಎಂಬ ನಂಬಿಕೆಗೆ ಆಧಾರವಿಲ್ಲ. ಮಕ್ಕಳಿಗೆ ನೋವಿನ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಕೊಡಬೇಡಿ.

ಬೆಳೆಯುವ ಮಕ್ಕಳಲ್ಲಿ ಒಂದು ವಿಷಯ ತಪ್ಪದೆ ಗಮನಿಸಿ. ಒಂಟಿಕಾಲಿನಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಕೆಳಬೆನ್ನಿನ ಒಂದೇ ಬದಿಗೆ ಚುಚ್ಚಿದಂತೆ ನೋವಾದರೆ ಅದು ಬೆನ್ನೆಲುಬಿನ ಹಿಂಭಾಗದ ಸೂಕ್ಷ್ಮ ಬಿರುಕು ಆಗಿರಬಹುದು. ಮೂಳೆ ವೈದ್ಯರು ನೋಡುವವರೆಗೆ ಆ ಮಗುವಿಗೆ ಡ್ರಮ್ ಬೇಡ, ಕಲೋತ್ಸವ ನಾಳೆಯೇ ಇದ್ದರೂ ಬೇಡ. ಎರಡು ವಾರ ಕಳೆದೂ ಇಳಿಯದ ನೋವು, ರಾತ್ರಿ ಎಬ್ಬಿಸುವ ನೋವು, ಜ್ವರದ ಜೊತೆ ಬರುವ ನೋವು, ಮಂಡಿಯ ಕೆಳಗೆ ಇಳಿಯುವ ಜೋಮು ಇವಕ್ಕೂ ವೈದ್ಯರೇ ಬೇಕು. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅದೇ ಹೊತ್ತಿಗೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ.

ಸಾಮಾನ್ಯ ಸ್ನಾಯುನೋವು ಆಗಿದ್ದರೆ, ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗಲೂ ಹಿಂದಕ್ಕೆ ಬಾಗುವಾಗಲೂ ನೋವಿಲ್ಲ ಅನ್ನಿಸಿದ ಮೇಲೆ ಹತ್ತು ನಿಮಿಷದಿಂದ ಮತ್ತೆ ಶುರುಮಾಡಿ. ಮರುದಿನ ಬೆಳಗ್ಗೆ ಬೆನ್ನು ಹಗುರವಾಗಿದ್ದರೆ ಐದು ನಿಮಿಷ ಏರಿಸಿ, ಬಿಗಿದಿದ್ದರೆ ಹಿಂದಿನ ಅಳತೆಗೇ ಇಳಿಸಿ. ಡ್ರಮ್ ಕಟ್ಟುವ ಮೊದಲು ಅಂಗೈ ಇಟ್ಟು ಪಟ್ಟಿಯ ಸಡಿಲವನ್ನು ಇನ್ನೊಮ್ಮೆ ನೋಡಿಕೊಳ್ಳಿ. ಒಂದು ತಿಂಗಳು ಬಳಸಿದ ನೈಲಾನ್ ಬಕಲಿನಲ್ಲಿ ತುಸು ಜಾರಿರುತ್ತದೆ.