ಮೆಕ್ಕೆಜೋಳಕ್ಕೆ ಸುಣ್ಣ: ಮಾಯಾ ಜನರ ರೊಟ್ಟಿ ಹಿಟ್ಟು ಮಾಡುವುದು ಹೇಗೆ?

ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು ಟೋರ್ಟಿಯಾ (ಮೆಕ್ಸಿಕೊ ಕಡೆಯ ತೆಳು ರೊಟ್ಟಿ) ಮಾಡಲು ಹೋಗಿ, ತಟ್ಟುವಾಗಲೇ ಚೂರುಚೂರಾಗಿ ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಆ ಹಿಟ್ಟು ಸುಣ್ಣ ಕಂಡಿರುವುದಿಲ್ಲ. ಹಾಗಾಗಿ ಅಂಟು ಬರುವುದೇ ಇಲ್ಲ.

ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವರು ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲೇ ಬೇಯಿಸುತ್ತಾರೆ. ಮೆಕ್ಸಿಕೊದ ಯುಕಾಟಾನಿನ ನೆಲವೇ ಸುಣ್ಣದ ಕಲ್ಲು, ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ ಅದನ್ನೇ ಸುಟ್ಟುಕೊಂಡರು. ದಕ್ಷಿಣ ಮೆಕ್ಸಿಕೊದ ಲಕಾಂಡೋನ್ ಕಾಡಿನವರು ಹೊಳೆಯ ಬಸವನಹುಳುವಿನ ಚಿಪ್ಪು ಸುಟ್ಟರು. ಕೆಲವು ಕಡೆ ಒಲೆಯ ಬೂದಿಯೇ ಸಾಕಾಯಿತು. ಹೀಗೆ ಬೇಯಿಸಿದ ಜೋಳಕ್ಕೆ 'ನಿಷ್ಟಮಲ್' ಎನ್ನುತ್ತಾರೆ. ಮೆಕ್ಸಿಕೊದ ನಹುವಾಟಲ್ ಭಾಷೆಯ ಆ ಹೆಸರಿನಲ್ಲೇ ಬೂದಿ ಎಂಬ ಪದ ಇದೆ.

ಇದು ಬರೀ ರುಚಿಯ ಮಾತಲ್ಲ. ಜೋಳದಲ್ಲಿರುವ ನಯಾಸಿನ್ ಎಂಬ ವಿಟಮಿನ್ ಸುಣ್ಣ ಬಿದ್ದರೆ ಮಾತ್ರ ಮೈಗೆ ಸರಿಯಾಗಿ ಹತ್ತುತ್ತದೆ. ಯುರೋಪಿಗೆ ಕಾಳು ಹೋಯಿತು, ಸುಣ್ಣದ ಪದ್ಧತಿ ಹೋಗಲಿಲ್ಲ. ಜೋಳವನ್ನೇ ನಂಬಿದ್ದ ಬಡವರಿಗೆ ನಯಾಸಿನ್ ಸಾಲದೆ ಪೆಲ್ಲಾಗ್ರಾ ಎಂಬ ಕಾಯಿಲೆ ಬಂತು. 1735ರಲ್ಲೇ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಆ ಚರ್ಮದ ಕಾಯಿಲೆಯನ್ನು ಗುರುತಿಸಿದ್ದರು.

ಈಗ ಕೆಲಸಕ್ಕೆ ಬನ್ನಿ. ಅರ್ಧ ಕೆಜಿ ಒಣ ಮೆಕ್ಕೆಜೋಳ ತೊಳೆದಿಡಿ. ಸ್ವೀಟ್ ಕಾರ್ನ್ ಬೇಡ. ಬಿತ್ತನೆ ಬೀಜವಂತೂ ಮುಟ್ಟಲೇಬೇಡಿ, ಅದಕ್ಕೆ ವಿಷ ಸವರಿರುತ್ತಾರೆ. ಸ್ಟೀಲ್ ಪಾತ್ರೆಯಲ್ಲಿ ಎರಡು ಲೀಟರ್ ನೀರಿಗೆ 5 ಗ್ರಾಂ ತಿನ್ನುವ ಸುಣ್ಣದ ಪುಡಿ ಕದಡಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಗೋಡೆಗೆ ಬಳಿಯುವ ಸುಣ್ಣವಾಗಲಿ, ಬಣ್ಣ, ಘಮ ಸೇರಿಸಿದ ವೀಳ್ಯದ ಸುಣ್ಣವಾಗಲಿ ಬೇಡ. ಪುಡಿ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಜೋಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಎಲ್ಲರೂ ಎಡವುವುದು ಇಲ್ಲೇ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದರೆ ಗಂಜಿಯಾಗುತ್ತದೆ. ಕಾಳು ಮೊದಲು ಗಾಢ ಹಳದಿಯಾಗುತ್ತದೆ. ಸುಣ್ಣ ಬಳಿದ ಗೋಡೆಗೆ ಮಳೆ ಬಿದ್ದಂಥ ವಾಸನೆ ಬರುತ್ತದೆ. ಅರ್ಧ ಗಂಟೆಯಾದ ಮೇಲೆ ಐದೈದು ನಿಮಿಷಕ್ಕೊಮ್ಮೆ ಒಂದು ಕಾಳು ತೆಗೆದು, ತೊಳೆದು, ಉಜ್ಜಿ ನೋಡಿ. ಸಿಪ್ಪೆ ಜಾರಬೇಕು. ಮುರಿದರೆ ನಡುವೆ ಬೇಯದ ಬಿಳಿ ಚುಕ್ಕೆ ಕಾಣಬೇಕು. ಆ ಚುಕ್ಕೆ ಇರುವಾಗಲೇ ಒಲೆ ಆರಿಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಉಳಿದದ್ದನ್ನು ನೆನೆಯುವಿಕೆಯೇ ಮಾಡುತ್ತದೆ.

ಬೆಳಿಗ್ಗೆ ನೀರು ಚೆಲ್ಲಿ ಮೂರು ಸಲ ತೊಳೆಯಿರಿ. ಸಿಪ್ಪೆ ಪೂರ್ತಿ ತೆಗೆಯಲು ಹೋಗಬೇಡಿ, ಸ್ವಲ್ಪ ಉಳಿದರೇನೇ ಅಂಟು. ತೀರಾ ಕಮ್ಮಿ ತೊಳೆದರೆ ಕಹಿ.

ರುಬ್ಬಲು ಒರಳೇ ವಾಸಿ. ಮಿಕ್ಸಿ ಜಾಸ್ತಿ ನೀರು ಕೇಳುತ್ತದೆ, ದೋಸೆ ಹಿಟ್ಟಾಗುತ್ತದೆ. ಮಿಕ್ಸಿಯೇ ಗತಿಯಾದರೆ ಒಂದೊಂದೇ ಹಿಡಿ ಹಾಕಿ, ಚಮಚದಲ್ಲಿ ನೀರು ಬಿಡಿ. ಉಂಡೆ ಮಾಡಿ ಒತ್ತಿದಾಗ ಅಂಚು ಬಿರಿಯದಿದ್ದರೆ ಹಿಟ್ಟು ಸರಿಯಾಗಿದೆ.

ತಟ್ಟಿ, ಎಣ್ಣೆ ಹಾಕದ ಕಾದ ಹೆಂಚಿನ ಮೇಲೆ ಎರಡೂ ಕಡೆ ಸುಟ್ಟು, ಬಟ್ಟೆಯಲ್ಲಿ ಸುತ್ತಿಡಿ. ಹತ್ತು ನಿಮಿಷ ಬಿಟ್ಟು ಮಡಚಿ ನೋಡಿ, ಮುರಿಯುವುದಿಲ್ಲ.