ಪುಟ್ಟ ಮಿಲ್ಲಿಂಗ್ ಮೆಷಿನ್‌ಗೆ ಇರುವ ಟೂಲ್‌ಗಳನ್ನೇ ಹೊಂದಿಸಿಕೊಳ್ಳುವುದು ಹೇಗೆ?

ಬೆಂಚಿನ ಮೇಲೆ ಕೂರುವ ಪುಟ್ಟ ಮಿಲ್ಲಿಂಗ್ ಮೆಷಿನ್ (ತಿರುಗುವ ಕಟರಿನಿಂದ ಲೋಹ ಕೊಯ್ಯುವ ಯಂತ್ರ) ತಂದವರಿಗೆಲ್ಲ ಒಂದೇ ತಲೆನೋವು. ವರ್ಕ್‌ಶಾಪಿನಲ್ಲಿ ಸಾಮಾನು ಬೇಕಾದಷ್ಟಿದೆ, ಆದರೆ ಯಾವುದೂ ಇದಕ್ಕೆ ಕೂರುವುದಿಲ್ಲ. ಡ್ರಿಲ್ಲಿಂಗ್ ಮೆಷಿನ್ನಿನ ವೈಸ್ (ದವಡೆಗಳ ನಡುವೆ ವಸ್ತುವನ್ನು ಬಿಗಿಹಿಡಿಯುವ ಸಾಧನ) ಇಟ್ಟರೆ ಅದರ ಬೋಲ್ಟ್ ತೂತು ಒಂದು ಕಡೆ, ಟೇಬಲ್ಲಿನ ಸ್ಲಾಟ್ ಇನ್ನೊಂದು ಕಡೆ. ಇರುವ ಟಿ-ನಟ್ (ಟೇಬಲ್ಲಿನ ಸ್ಲಾಟಿನಲ್ಲಿ ಜಾರಿ ಕೂರುವ ಟಿ ಆಕಾರದ ನಟ್) ಸ್ಲಾಟಿನೊಳಗೆ ಹೋಗುವುದಿಲ್ಲ. ಡ್ರಿಲ್ ಚಕ್ (ಡ್ರಿಲ್ ಬಿಟ್ ಹಿಡಿಯುವ ತಲೆ) ಹಾಕಿದರೆ ಜಾಬ್, ಅಂದರೆ ಕೊಯ್ಯಬೇಕಾದ ತುಂಡು, ಇಡಲು ಜಾಗವೇ ಉಳಿಯುವುದಿಲ್ಲ. ಇವುಗಳಲ್ಲಿ ಹೆಚ್ಚಿನವನ್ನು ನಾವೇ ಹೊಂದಿಸಿಕೊಳ್ಳಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೊಯ್ಯುವುದಿದ್ದರೆ ಟೂಲನ್ನು ಕೊಯ್ಯಿರಿ, ಮೆಷಿನನ್ನು ಮುಟ್ಟಬೇಡಿ. ನಟ್ ಹೋಗಲಿಲ್ಲವೆಂದು ಸ್ಲಾಟನ್ನು ಅಗಲ ಮಾಡುವವರಿದ್ದಾರೆ. ಟಿ-ನಟ್ ಹಾಳಾದರೆ ಇನ್ನೊಂದು ಮಾಡಿಕೊಳ್ಳಬಹುದು. ಟೇಬಲ್ ಹಾಗಲ್ಲ. ಆ ಮೆಷಿನ್ನಿನ ಎಲ್ಲ ಅಳತೆಗೂ ಅದೇ ಆಧಾರ.

ಮೊದಲ ಕೆಲಸ: ಅಳತೆ

ವರ್ನಿಯರ್ ತೆಗೆದುಕೊಂಡು ಮೆಷಿನ್ನಿನ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಟಿ-ಸ್ಲಾಟಿನ ಮೇಲಿನ ಬಾಯಿ ಎಷ್ಟು ಅಗಲ, ಕೆಳಗಿನ ಅಗಲವಾದ ಭಾಗ ಎಷ್ಟು ಅಗಲ, ಎಷ್ಟು ಎತ್ತರ, ಮೇಲಿನ ಅಂಚಿನ ದಪ್ಪ ಎಷ್ಟು. ಒಂದು ಸ್ಲಾಟಿನ ನಡುವಿನಿಂದ ಇನ್ನೊಂದರ ನಡುವಿಗೆ ದೂರ ಎಷ್ಟು. ಸ್ಲಾಟನ್ನು ಎರಡು ತುದಿ ಮತ್ತು ಮಧ್ಯ, ಮೂರು ಕಡೆ ಅಳೆಯಿರಿ. ಪುಟ್ಟ ಮೆಷಿನ್‌ಗಳಲ್ಲಿ ಎಲ್ಲ ಕಡೆ ಒಂದೇ ಅಳತೆ ಇರುತ್ತದೆಂದು ನಂಬುವಂತಿಲ್ಲ.

ಸ್ಪಿಂಡಲ್ (ಕಟರನ್ನು ತಿರುಗಿಸುವ ದಂಡ) ಒಳಗಿನ ಟೇಪರ್ (ಶಂಕುವಿನಂತೆ ಕಿರಿದಾಗುವ ತೂತು) ಯಾವುದೆಂದೂ ನೋಡಿಕೊಳ್ಳಿ. ಈ ಗಾತ್ರದ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಮೋರ್ಸ್ ಟೇಪರ್ 3 ಅಥವಾ ಆರ್8 ಎಂಬ ಮಾದರಿ ಇರುತ್ತದೆ. ಡ್ರಾಬಾರ್‌ನ ಥ್ರೆಡ್ ಅಳೆದು ಬರೆದಿಡಿ. ಟೂಲನ್ನು ಮೇಲಿನಿಂದ ಸ್ಪಿಂಡಲ್ ಒಳಕ್ಕೆ ಎಳೆದು ಹಿಡಿಯುವ ಉದ್ದ ಬೋಲ್ಟ್ ಅದು.

ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ಸ್ಪಿಂಡಲ್ಲನ್ನು ಪೂರ್ತಿ ಮೇಲೆತ್ತಿ, ಅದರ ಮೂತಿಯಿಂದ ಟೇಬಲ್ಲಿಗೆ ಎಷ್ಟಿದೆ ನೋಡಿ. 220 ಮಿ.ಮೀ. ಇದೆ ಅಂದುಕೊಳ್ಳೋಣ. ವೈಸ್ ಒಳಗೆ ಜಾಬ್ ಕೂರುವ ಮಟ್ಟ ಟೇಬಲ್ಲಿನಿಂದ 60 ಮಿ.ಮೀ. ಮೇಲೆ. ಆರ್ಬರ್ (ಚಕ್ಕನ್ನು ಸ್ಪಿಂಡಲ್ಲಿಗೆ ಜೋಡಿಸುವ ದಂಡ) ಸಹಿತ ಚಕ್ ಸ್ಪಿಂಡಲ್ಲಿನಿಂದ 90 ಮಿ.ಮೀ. ಕೆಳಗೆ ಇಳಿಯುತ್ತದೆ. ಮಾಮೂಲಿ 10 ಮಿ.ಮೀ. ಡ್ರಿಲ್ ಬಿಟ್ 133 ಮಿ.ಮೀ. ಉದ್ದ ಇರುತ್ತದೆ, ಚಕ್ಕಿನಿಂದ ಹೊರಗೆ ಸುಮಾರು 90 ಉಳಿಯಿತು. ಕೂಡಿಸಿದರೆ 240. ಜಾಬ್ ಇಡುವ ಮೊದಲೇ ಜಾಗ ಮುಗಿದುಹೋಯಿತು!

ಈಗ ಅದೇ ಲೆಕ್ಕವನ್ನು ಕಾಲೆಟ್ (ಟೂಲನ್ನು ಸುತ್ತಲೂ ಬಿಗಿಯುವ ಸೀಳುಳ್ಳ ಕೊಳವೆ) ಮತ್ತು ಗಿಡ್ಡ ಡ್ರಿಲ್ ಬಿಟ್ ಇಟ್ಟು ಮಾಡಿ. ಸ್ಟಬ್ ಡ್ರಿಲ್ ಎನ್ನುವ ಆ ಬಿಟ್ 10 ಮಿ.ಮೀ. ಅಳತೆಯಲ್ಲಿ 89 ಮಿ.ಮೀ. ಉದ್ದ ಅಷ್ಟೇ. ಕಾಲೆಟ್ ಸ್ಪಿಂಡಲ್ ಒಳಗೇ ಕೂರುತ್ತದೆ, ಹೊರಗೆ ಇಣುಕುವುದು ಬಿಟ್ಟಿನ 50 ಮಿ.ಮೀ. ಮಾತ್ರ. ವೈಸಿನ 60 ಸೇರಿಸಿದರೂ 110, ಇನ್ನೂ ಅಷ್ಟೇ ಜಾಗ ಉಳಿಯಿತು, ಅಲ್ವಾ? ವೈಸನ್ನು ಕೊಯ್ಯಲು ಹೊರಡುವ ಮೊದಲು ಈ ಲೆಕ್ಕ ಹಾಕಿ. ಎಷ್ಟೋ ಸಲ ಏನನ್ನೂ ಕೊಯ್ಯುವ ಅಗತ್ಯವೇ ಬರುವುದಿಲ್ಲ.

ಟಿ-ನಟ್ ಮತ್ತು ಸ್ಟಡ್

10 ಮಿ.ಮೀ. ಸ್ಲಾಟಿಗೆ ಎಂ8 (8 ಮಿ.ಮೀ. ಥ್ರೆಡ್ಡಿನ) ನಟ್, 12ಕ್ಕೆ ಎಂ10, 14ಕ್ಕೆ ಎಂ12. ಇದು ಮಾಮೂಲಿ ಜೋಡಿ. ನಿಮ್ಮ ಹತ್ತಿರ ದೊಡ್ಡ ಮೆಷಿನ್ನಿನ ಎಂ10 ನಟ್ ಇದೆ, ಸ್ಲಾಟ್ ಮಾತ್ರ 10 ಮಿ.ಮೀ. ಎಂದಾದರೆ ನಟ್ಟಿನ ಕತ್ತನ್ನು (ಸ್ಲಾಟಿನ ಬಾಯಿಯೊಳಗೆ ಕೂರುವ ಕಿರಿದಾದ ಭಾಗವನ್ನು) ತೆಳ್ಳಗೆ ಮಾಡಲು ಹೋಗಬೇಡಿ. 10 ಮಿ.ಮೀ. ಅಗಲದ ಕತ್ತಿನಲ್ಲಿ 10 ಮಿ.ಮೀ. ಥ್ರೆಡ್ ಇದ್ದರೆ ಪಕ್ಕದ ಗೋಡೆಯೇ ಉಳಿಯುವುದಿಲ್ಲ. ಅದರ ಬದಲು ಹೊಸದು ಮಾಡಿಕೊಳ್ಳುವುದೇ ಸುಲಭ.

ಇಲ್ಲೊಂದು ತೊಡಕು ಬರುತ್ತದೆ. ಟಿ-ನಟ್ ಮಿಲ್ ಮಾಡಲು ವೈಸ್ ಬೇಕು, ವೈಸ್ ಕೂರಿಸಲು ಟಿ-ನಟ್ ಬೇಕು. ಹಾಗಾಗಿ ಮೊದಲ ನಾಲ್ಕು ನಟ್‌ಗಳನ್ನು ಹ್ಯಾಕ್ಸಾ ಮತ್ತು ಅರದಲ್ಲೇ ಮಾಡಿ. ಇವಕ್ಕೆ ಟಿ ಆಕಾರವೂ ಬೇಡ. ಸ್ಲಾಟಿನ ಕೆಳಭಾಗದಲ್ಲಿ ಸಲೀಸಾಗಿ ಜಾರುವಂಥ ಮೈಲ್ಡ್ ಸ್ಟೀಲ್ ಪಟ್ಟಿಯ ತುಂಡು, ನಡುವೆ ಎಂ8 ತೂತು, ಅಷ್ಟು ಸಾಕು. ಕತ್ತಿಲ್ಲದ ನಟ್‌ನಲ್ಲಿ ಥ್ರೆಡ್ ಕಡಿಮೆ ಸಿಗುತ್ತದೆ, ಆದ್ದರಿಂದ ಇವನ್ನು ಹಗುರ ಕೆಲಸಕ್ಕೆ ಮಾತ್ರ ಬಳಸಿ. ಕಾಯಂ ನಟ್‌ಗಳಿಗೆ ಒಂದು ಉದ್ದ ಪಟ್ಟಿಯ ಎರಡೂ ಅಂಚನ್ನು ಮಿಲ್ ಮಾಡಿ ಟಿ ಆಕಾರಕ್ಕೆ ತಂದು, ಆಮೇಲೆ ತುಂಡು ತುಂಡಾಗಿ ಕೊಯ್ದುಕೊಳ್ಳಿ. ಕತ್ತಿನ ಅಗಲ ಸ್ಲಾಟಿನ ಬಾಯಿಗಿಂತ 0.2ರಿಂದ 0.3 ಮಿ.ಮೀ. ಕಡಿಮೆ ಇರಲಿ. ಕತ್ತು ಟೇಬಲ್ಲಿನ ಮೇಲ್ಮೈಗಿಂತ ತುಸು ಕೆಳಗೇ ನಿಲ್ಲಬೇಕು. ಮೇಲೆ ಬಂದರೆ ವೈಸಿನ ಬೇಸು ನಟ್ಟಿನ ಮೇಲೆಯೇ ಕೂತುಬಿಡುತ್ತದೆ, ಎಷ್ಟು ಬಿಗಿ ಮಾಡಿದರೂ ವೈಸ್ ಹಿಡಿಯುವುದಿಲ್ಲ.

ಎಂ8ಗೆ 6.8 ಮಿ.ಮೀ. ತೂತು ಕೊರೆದು ಮೇಲಿನಿಂದ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊಯ್ಯುವ ಟೂಲ್) ಹೊಡೆಯಿರಿ. ಟ್ಯಾಪನ್ನು ಪೂರ್ತಿ ಆಚೆ ಬರುವಂತೆ ಓಡಿಸಬೇಡಿ. ಕೊನೆಯ ಒಂದೆರಡು ಥ್ರೆಡ್ ಅರ್ಧಂಬರ್ಧ ಉಳಿಯಲಿ. ಆಗಲೇ ಪೂರ್ತಿ ಟ್ಯಾಪ್ ಆಗಿದ್ದರೆ ಕೆಳಗಿನ ಬಾಯಿಯ ಸುತ್ತ ಎರಡು ಮೂರು ಕಡೆ ಪಂಚ್ ಹೊಡೆದು ಥ್ರೆಡ್ ಮುಚ್ಚಿ.

ಇದು ಸುಮ್ನೆ ಹೇಳುವ ಮಾತಲ್ಲ. ಸ್ಟಡ್ (ನಟ್ಟಿಗೆ ತಿರುಗಿಸುವ ತಲೆಯಿಲ್ಲದ ಬೋಲ್ಟ್) ನಟ್ಟಿನಿಂದ ಕೆಳಗೆ ಇಳಿದು ಸ್ಲಾಟಿನ ತಳಕ್ಕೆ ತಾಗಿದರೆ, ಅಲ್ಲಿಂದ ಮುಂದೆ ತಿರುಗಿಸಿದಂತೆಲ್ಲ ನಟ್ ಮೇಲಕ್ಕೆ ಒತ್ತುತ್ತದೆ, ಜಾಕ್ ಕಾರನ್ನು ಎತ್ತಿದ ಹಾಗೆ. ಆ ಒತ್ತಡ ಬೀಳುವುದು ಸ್ಲಾಟಿನ ತೆಳು ಅಂಚಿನ ಮೇಲೆ. ಟೇಬಲ್ ಎರಕದ ಕಬ್ಬಿಣದ್ದು, ಅದು ಬಗ್ಗುವುದಿಲ್ಲ. ಚಕ್ಕೆಯಾಗಿ ಎದ್ದುಬಿಡುತ್ತದೆ. ಪುಟ್ಟ ಮೆಷಿನ್ನಿನಲ್ಲಿ ಆ ಅಂಚು ಮೊದಲೇ ತೆಳು.

ವೈಸ್: ಹೆಚ್ಚು ಕೆಲಸ ಇರುವುದು ಇಲ್ಲೇ

ಮಿಲ್ಲಿಂಗ್‌ಗೆಂದೇ ಮಾಡಿದ ವೈಸ್ ಇದ್ದು, ಅದಕ್ಕೆ ತಿರುಗುವ ಬೇಸ್ ಇದ್ದರೆ ಆ ಬೇಸ್ ಬಿಚ್ಚಿ ಪಕ್ಕಕ್ಕಿಡಿ. ಎತ್ತರ ಉಳಿಯುತ್ತದೆ, ಅಲುಗಾಟವೂ ಕಡಿಮೆಯಾಗುತ್ತದೆ. ಪುಟ್ಟ ಮೆಷಿನ್‌ಗೆ ಅದರಿಂದ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ.

ಡ್ರಿಲ್ಲಿಂಗ್ ವೈಸ್ ಆದರೆ ಮೊದಲು ಅದು ಈ ಶ್ರಮಕ್ಕೆ ತಕ್ಕದ್ದೇ ಎಂದು ಪರೀಕ್ಷೆ ಮಾಡಿ. ಒಂದು ತುಂಡು ಉಕ್ಕನ್ನು ದವಡೆಗಳ ನಡುವೆ ಇಟ್ಟು, ಚಲಿಸುವ ದವಡೆಯ ತಲೆಯ ಮೇಲೆ ಡಯಲ್ ಗೇಜ್ (ಸಣ್ಣ ಕದಲಿಕೆಯನ್ನೂ ಸೂಜಿಯಲ್ಲಿ ತೋರಿಸುವ ಮಾಪಕ) ಕೂರಿಸಿ ಸೊನ್ನೆ ಮಾಡಿ. ಈಗ ನಿಧಾನಕ್ಕೆ ಬಿಗಿ ಮಾಡುತ್ತಾ ಸೂಜಿ ನೋಡಿ. ಸೂಜಿ ಏರುತ್ತಾ ಹೋದರೆ ದವಡೆ ಹಿಂದಕ್ಕೆ ವಾಲಿ ಮೇಲೇಳುತ್ತಿದೆ ಎಂದರ್ಥ. ಅದರ ಜೊತೆಗೆ ಜಾಬ್ ಕೂಡ ಏಳುತ್ತದೆ. ಡ್ರಿಲ್ ಕೆಳಕ್ಕೆ ಒತ್ತುವುದರಿಂದ ಅಲ್ಲಿ ಇದು ಗೊತ್ತಾಗುವುದಿಲ್ಲ. ಎಂಡ್ ಮಿಲ್ (ಪಕ್ಕದಿಂದಲೂ ಕೊಯ್ಯುವ ಮಿಲ್ಲಿಂಗ್ ಕಟರ್) ಪಕ್ಕಕ್ಕೆ ತಳ್ಳುತ್ತದೆ, ಜಾಬನ್ನು ಮೇಲಕ್ಕೂ ಎಳೆಯುತ್ತದೆ. ಹಾಗೆ ಎದ್ದ ಜಾಬ್ ಕಿತ್ತು ಬಂದರೆ ಅಪಾಯ.

ಇದನ್ನು ಸರಿ ಮಾಡಬಹುದು. ವೈಸನ್ನು ಮಗುಚಿ. ಚಲಿಸುವ ದವಡೆಯ ಕೆಳಗೆ ಒಂದು ಪುಟ್ಟ ಪ್ಲೇಟ್ ಸ್ಕ್ರೂಗಳಲ್ಲಿ ನಿಂತಿರುತ್ತದೆ. ದವಡೆ ಮೇಲೇಳದಂತೆ ತಡೆಯುವುದು ಅದೇ. ಪ್ಲೇಟ್ ಬಿಚ್ಚಿ, ದವಡೆಯಿಂದ ಕೆಳಕ್ಕೆ ಚಾಚಿದ, ಪ್ಲೇಟ್ ಕೂರುವ ಭಾಗವನ್ನು ನೋಡಿ. ಅದು ಬೇಕಾದ್ದಕ್ಕಿಂತ ಉದ್ದ ಇರುವುದರಿಂದಲೇ ಸಂದು ಉಳಿದಿರುತ್ತದೆ. ಗಾಜಿನ ಮೇಲೆ ಎಮರಿ ಹಾಳೆ ಹಾಸಿ, ಆ ಭಾಗವನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ. ಪ್ರತಿ ಸಲವೂ ಜೋಡಿಸಿ ನೋಡಿ. ದವಡೆ ಕೈಯಲ್ಲಿ ತಳ್ಳಿದರೆ ಜಾರಬೇಕು, ಆದರೆ ಅಲ್ಲಾಡಿಸಿದರೆ ಅಲುಗಬಾರದು. ಜಾಸ್ತಿ ಉಜ್ಜಿದರೆ ದವಡೆ ಹಿಡಿದು ನಿಲ್ಲುತ್ತದೆ, ಆಗ ತೆಳು ಶಿಮ್ (ಸಂದಿಗೆ ಇಡುವ ಲೋಹದ ಹಾಳೆ) ಹಾಕಬೇಕಾಗುತ್ತದೆ.

ಇನ್ನು ತಳ. ವೈಸಿನ ಒಳಗಿನ ಹಾಸಿಗೂ (ದವಡೆ ಜಾರುವ ಸಮತಟ್ಟು ಭಾಗ) ಕೆಳಗಿನ ತಳಕ್ಕೂ ಸಮಾನಾಂತರ ಇರಲೇಬೇಕು. ವೈಸನ್ನು ಬೋರಲು ಹಾಕಿ, ದವಡೆಗಳನ್ನು ತೆಗೆದು, ಒಳಗಿನ ಹಾಸು ಎರಡು ಸಮ ದಪ್ಪದ ಪಟ್ಟಿಗಳಾದ ಪ್ಯಾರಲಲ್‌ಗಳ ಮೇಲೆ ಕೂರುವಂತೆ ಕ್ಲ್ಯಾಂಪ್ ಮಾಡಿ. ಸ್ಥಿರ ದವಡೆ ಬೇಸಿನ ಜೊತೆಗೇ ಎರಕವಾಗಿದ್ದರೆ ಪ್ಯಾರಲಲ್ ಅದಕ್ಕಿಂತ ಎತ್ತರ ಇರಬೇಕು. ಕ್ಲ್ಯಾಂಪಿನ ಹಿಂದಿನ ಕಾಲು ಮುಂದಿನದ್ದಕ್ಕಿಂತ ಕೂದಲೆಳೆಯಷ್ಟು ಎತ್ತರ ಇರಲಿ, ಬೋಲ್ಟ್ ವೈಸಿನ ಕಡೆಗೆ ಹತ್ತಿರ ಇರಲಿ. ಹಾಗಿದ್ದರೇ ಒತ್ತಡ ವೈಸಿನ ಮೇಲೆ ಬೀಳುವುದು.

ಎರಕದ ಹೊರ ಚರ್ಮ ಗಟ್ಟಿ, ಮರಳೂ ಅಂಟಿರುತ್ತದೆ. 0.1 ಮಿ.ಮೀ. ಸವರುತ್ತಾ ಹೋದರೆ ಕಟರಿನ ಅಲಗು ಆ ಚರ್ಮದಲ್ಲೇ ಉಜ್ಜಿ ಮೊಂಡಾಗುತ್ತದೆ. ಮೊದಲ ಕಟ್ಟೇ ಅರ್ಧ ಮಿ.ಮೀ. ಆಳ ಕೊಟ್ಟು ಚರ್ಮದ ಅಡಿಗೆ ಇಳಿಯಿರಿ. ಹೈಸ್ಪೀಡ್ ಸ್ಟೀಲ್ ಕಟರಿಗೆ ಎರಕದ ಕಬ್ಬಿಣದಲ್ಲಿ ನಿಮಿಷಕ್ಕೆ 20 ಮೀಟರ್ ವೇಗ ಸರಿ. ಸುತ್ತು ಎಷ್ಟೆಂದು ತಿಳಿಯಲು 318ನ್ನು (ಅಂದರೆ 1000 ಭಾಗಿಸು ಪೈ) ಈ 20ರಿಂದ ಗುಣಿಸಿ ಕಟರಿನ ವ್ಯಾಸದಿಂದ ಭಾಗಿಸಿ. 12 ಮಿ.ಮೀ. ಕಟರಿಗೆ ನಿಮಿಷಕ್ಕೆ 530 ಸುತ್ತು ಬರುತ್ತದೆ. ಎಣ್ಣೆ ಹಾಕಬೇಡಿ, ಒಣಗಿದ್ದಂತೆಯೇ ಕೊಯ್ಯಿರಿ. ಕಪ್ಪು ಪುಡಿ ಏಳುತ್ತದೆ. ಮೆಷಿನ್ನಿನ ಜಾರುಹಾದಿಗಳ ಮೇಲೆ ಹಾಳೆ ಮುಚ್ಚಿ, ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆಯುತ್ತಿರಿ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ತಳ ಆಯಿತು. ಈಗ ಟೇಬಲ್ಲಿಗೆ ಹಿಡಿಸುವ ಬಗೆ. ಬೇಸಿನ ಕಿವಿಗಳಲ್ಲಿರುವ ತೂತನ್ನು ಸ್ಲಾಟಿನ ಕಡೆಗೆ ಎಳೆದು ಉದ್ದ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ತುದಿಯಲ್ಲಿ 6–7 ಮಿ.ಮೀ. ಲೋಹ ಉಳಿಯುವುದಿದ್ದರೆ ಮಾತ್ರ ಮಾಡಿ. ನನಗೆ ಹಿಡಿಸಿದ ದಾರಿ ಬೇರೆ: ಬೇಸಿನ ಎರಡೂ ಪಕ್ಕದಲ್ಲಿ ಉದ್ದಕ್ಕೆ 8 ಮಿ.ಮೀ. ಅಗಲ, 5 ಮಿ.ಮೀ. ಆಳದ ಗ್ರೂವ್ (ಉದ್ದನೆಯ ತೋಡು) ಕೊಯ್ದು, ಅದಕ್ಕೆ ಕ್ಲ್ಯಾಂಪ್ ಸಿಕ್ಕಿಸುವುದು. ವೈಸನ್ನು ಟೇಬಲ್ಲಿನ ಮೇಲೆ ಎಲ್ಲಿ ಬೇಕಾದರೂ ಇಡಬಹುದು, ಸ್ಲಾಟುಗಳ ಅಂತರದ ಹಂಗಿಲ್ಲ. ಈ ಗ್ರೂವ್ ಕೊಯ್ಯಲು ವೈಸ್ ಮಗ್ಗುಲಾಗಿ ನಿಲ್ಲಬೇಕು. ಈಗಾಗಲೇ ಮಿಲ್ ಮಾಡಿದ ತಳವನ್ನು ಆಂಗಲ್ ಪ್ಲೇಟಿಗೆ (ಎಲ್ ಆಕಾರದ ಆಸರೆಗೆ) ಆನಿಸಿ ಕ್ಲ್ಯಾಂಪ್ ಮಾಡಿದರೆ ನೇರ ನಿಲ್ಲುತ್ತದೆ. ತಳದ ಕೆಲಸ ಮೊದಲು ಮಾಡಿದ್ದು ಇದಕ್ಕಾಗಿಯೂ ಹೌದು.

ಆದರೆ ಕೊಯ್ಯುವ ಮೊದಲು ಅಡಿಯಿಂದ ನೋಡಿ. ಎಷ್ಟೋ ಡ್ರಿಲ್ಲಿಂಗ್ ವೈಸ್‌ಗಳ ಬೇಸು ಒಳಗೆ ಟೊಳ್ಳು, ಪಕ್ಕದ ಗೋಡೆ ತೆಳು. ಅಂಥದ್ದರಲ್ಲಿ ಗ್ರೂವ್ ಬೇಡವೇ ಬೇಡ. 12 ಮಿ.ಮೀ. ದಪ್ಪದ ಪ್ಲೇಟಿಗೆ ವೈಸನ್ನು ಬೋಲ್ಟ್ ಮಾಡಿ, ಪ್ಲೇಟನ್ನು ಟೇಬಲ್ಲಿಗೆ ಹಿಡಿಸಿ. ಅಷ್ಟು ಎತ್ತರ ಕಳೆದುಕೊಳ್ಳುತ್ತೀರಿ, ಆದರೆ ವೈಸ್ ಒಡೆಯುವುದಿಲ್ಲ. ದೊಡ್ಡ ರೋಟರಿ ಟೇಬಲ್ಲಿಗೂ ಇದೇ ಉಪಾಯ ನಡೆಯುತ್ತದೆ, ಎತ್ತರದ ಲೆಕ್ಕ ಕೂಡಿಬಂದರೆ.

ದವಡೆಯ ಪ್ಲೇಟ್‌ಗಳ ಮೇಲೆ ಅರ ಒಮ್ಮೆ ಎಳೆದು ನೋಡಿ. ಅರ ಕಚ್ಚದೆ ಜಾರಿದರೆ ಅವು ಗಟ್ಟಿ ಮಾಡಿದವು, ಮಿಲ್ ಮಾಡಲು ಹೋಗಬೇಡಿ. ಬದಲಿಗೆ ಮೈಲ್ಡ್ ಸ್ಟೀಲ್ ಅಥವಾ ಅಲ್ಯೂಮಿನಿಯಂ ತುಂಡುಗಳನ್ನು ಅದೇ ತೂತುಗಳಿಗೆ ಹಿಡಿಸಿ, ವೈಸನ್ನು ಟೇಬಲ್ಲಿನ ಮೇಲೆ ಕೂರಿಸಿದ ಜಾಗದಲ್ಲೇ ಸ್ಥಿರ ದವಡೆಯ ಮುಖವನ್ನು ತೆಳುವಾಗಿ ಸವರಿ. ಆ ಮುಖ ಟೇಬಲ್ ಓಡುವ ದಿಕ್ಕಿಗೆ ಸಮಾನಾಂತರವಾಗುತ್ತದೆ. ವೈಸ್ ಕದಲಿಸಿದರೆ ಮತ್ತೆ ಡಯಲ್ ಗೇಜ್ ಇಟ್ಟು ಹೊಂದಿಸಬೇಕು.

ಡ್ರಿಲ್ ಚಕ್ಕಿನ ಆರ್ಬರ್

ಲೇತ್ ಅಥವಾ ಡ್ರಿಲ್ಲಿಂಗ್ ಮೆಷಿನ್ನಿನ ಆರ್ಬರ್ ತುದಿಯಲ್ಲಿ ಚಪ್ಪಟೆ ಬಾಲ ಇರುತ್ತದೆ. ಮಿಲ್ಲಿಂಗ್‌ನಲ್ಲಿ ಡ್ರಾಬಾರ್ ಎಳೆದು ಹಿಡಿಯಬೇಕು, ಬಾಲ ಅಡ್ಡ ಬರುತ್ತದೆ. ನಿಮ್ಮ ಸ್ಪಿಂಡಲ್ ಮೋರ್ಸ್ 3, ಆರ್ಬರ್ ಕೂಡ ಮೋರ್ಸ್ 3 ಆಗಿದ್ದರೆ ಬಾಲ ಕತ್ತರಿಸಿ, ಲೇತ್‌ನಲ್ಲಿ ತುದಿ ಸಮ ಮಾಡಿ, ಸೆಂಟರ್ ಡ್ರಿಲ್ ಹಾಕಿ, ಡ್ರಾಬಾರಿನ ಥ್ರೆಡ್ಡಿಗೆ ತಕ್ಕಂತೆ ಟ್ಯಾಪ್ ಮಾಡಿ. ಎಂ12 ಆದರೆ 10.2 ಮಿ.ಮೀ. ತೂತು, ಥ್ರೆಡ್ ಕನಿಷ್ಠ 18 ಮಿ.ಮೀ. ಆಳ. ಇಲ್ಲೂ ಮೊದಲು ಅರದ ಪರೀಕ್ಷೆ. ಅರ ಜಾರಿದರೆ ಟ್ಯಾಪ್ ಮುರಿಯುತ್ತದೆ, ಅಲ್ಲಿಗೇ ಬಿಟ್ಟುಬಿಡಿ. ಮೆಷಿನ್ ಆರ್8 ಆಗಿದ್ದರೆ ಮೋರ್ಸ್ ಆರ್ಬರನ್ನು ತಿದ್ದುವ ಗೋಜಿಗೇ ಹೋಗಬೇಡಿ, ಆರ್8 ಆರ್ಬರ್ ತಂದು ಅದಕ್ಕೆ ಚಕ್ ಹಾಕಿ.

ಟೇಪರ್ ಸರಿ ಕೂರುತ್ತದೆಯೇ ಎಂದು ನೋಡಲು ಆರ್ಬರ್ ಮೇಲೆ ಉದ್ದಕ್ಕೆ ಮೂರು ಮಾರ್ಕರ್ ಗೆರೆ ಎಳೆಯಿರಿ. ಸ್ಪಿಂಡಲ್ಲಿಗೆ ಒತ್ತಿ, ಸ್ವಲ್ಪ ತಿರುಗಿಸಿ, ತೆಗೆಯಿರಿ. ಗೆರೆ ಉದ್ದಕ್ಕೂ ಅಳಿಸಿದ್ದರೆ ಒಳ್ಳೆಯದು. ಒಂದೇ ತುದಿಯಲ್ಲಿ ಅಳಿಸಿದ್ದರೆ ಎಲ್ಲೋ ಬರ್ (ಲೋಹದ ಸಣ್ಣ ಮುಳ್ಳು) ಇದೆ, ಅಥವಾ ಟೇಪರ್ ಹೊಂದುತ್ತಿಲ್ಲ.

ಡ್ರಾಬಾರ್ ಬಂತೆಂದು ಈ ಚಕ್ಕಿನಲ್ಲಿ ಎಂಡ್ ಮಿಲ್ ಹಿಡಿಯಬೇಡಿ. ಡ್ರಾಬಾರ್ ಎಳೆಯುವುದು ಆರ್ಬರನ್ನು. ಚಕ್ ಆರ್ಬರಿನ ಇನ್ನೊಂದು ಗಿಡ್ಡ ಟೇಪರಿನ ಮೇಲೆ ಸುಮ್ಮನೆ ಕೂತಿರುತ್ತದೆ, ಅದನ್ನು ಏನೂ ಎಳೆದು ಹಿಡಿದಿಲ್ಲ. ಪಕ್ಕದ ಒತ್ತಡ ಬಿದ್ದರೆ ಚಕ್ ಕಳಚಿ ಬೀಳಬಹುದು. ಎಂಡ್ ಮಿಲ್ಲಿಗೆ ಕಾಲೆಟ್ಟೇ ಬೇಕು.

ಕಟರ್‌ಗಳ ಬಗ್ಗೆ ಹೇಳುವುದು ಸ್ವಲ್ಪವೇ. ಹೈಸ್ಪೀಡ್ ಸ್ಟೀಲ್ ಕಟರಿನ ಶ್ಯಾಂಕ್ (ಹಿಡಿಯುವ ಭಾಗ) ತೀರ ಉದ್ದವಾಗಿ ಒಳಗೆ ತಾಗುತ್ತಿದ್ದರೆ ಕಟಿಂಗ್ ಡಿಸ್ಕ್‌ನಲ್ಲಿ ಕೊಯ್ಯಬಹುದು. ಕಾದು ಕೆಂಪಾಗಲು ಬಿಡಬೇಡಿ, ಕಾದದ್ದನ್ನು ನೀರಿಗೆ ಅದ್ದಬೇಡಿ, ಬಿರುಕು ಬಿಡುತ್ತದೆ. ಕಾರ್ಬೈಡ್ ಕಟರನ್ನು ಕೊಯ್ಯುವುದು ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ದಪ್ಪ ಶ್ಯಾಂಕಿನ ದೊಡ್ಡ ಕಟರನ್ನು ಕಿರಿದು ಮಾಡಿ ಹಾಕುವುದರಲ್ಲೂ ಅರ್ಥವಿಲ್ಲ, ಅದನ್ನು ತಿರುಗಿಸುವ ತಾಕತ್ತು ಪುಟ್ಟ ಮೋಟಾರಿಗೆ ಇಲ್ಲ.

ಕೊನೆಗೆ ಪರೀಕ್ಷೆ. ವೈಸ್ ಕೂರಿಸಿ, ಸ್ಥಿರ ದವಡೆಯ ಮೇಲೆ ಡಯಲ್ ಗೇಜ್ ಇಟ್ಟು ಟೇಬಲ್ ಓಡಿಸಿ. ದವಡೆಯ ಉದ್ದಕ್ಕೂ ಸೂಜಿ 0.02 ಮಿ.ಮೀ. ಒಳಗೆ ನಿಂತರೆ ಸಾಕು. ಒಂದು ಹಗುರ ಕಟ್ ತೆಗೆದು, ಬೋಲ್ಟುಗಳ ಬಿಗಿ ನೋಡಿ, ಮತ್ತೆ ಸೂಜಿ ನೋಡಿ. ಕದಲಿದ್ದರೆ ವೈಸ್ ಎತ್ತಿ ತಳ ಒರೆಸಿ, ಎಣ್ಣೆಗಲ್ಲಿನಿಂದ ಒಮ್ಮೆ ಉಜ್ಜಿ. ಹೆಚ್ಚಾಗಿ ಕಣ್ಣಿಗೆ ಕಾಣದ ಒಂದು ಬರ್ ಅಲ್ಲಿ ಸಿಗುತ್ತದೆ.